ಸೋಂಕಿನ ಕಾಲದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕ್ ತೆರೆಯುವುದು: ಮೊದಲು ಕ್ಯೂ ಲೆಕ್ಕ, ಆಮೇಲೆ ಟಿಕೆಟ್

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಬೀಗ ಬಿದ್ದ ನಮ್ಮ ಅಮ್ಯೂಸ್‌ಮೆಂಟ್ ಪಾರ್ಕ್‌ಗಳಿಗೆ ಅಕ್ಟೋಬರ್ 15ರಿಂದ ತೆರೆಯಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ ಆರೋಗ್ಯ ಸಚಿವಾಲಯದ ಎಸ್‌ಒಪಿ (ಪಾಲಿಸಬೇಕಾದ ಕ್ರಮಗಳ ಪಟ್ಟಿ) ಬಂದಿತ್ತು: ಆರು ಅಡಿ ಅಂತರ, ಫುಡ್ ಕೋರ್ಟ್‌ನಲ್ಲಿ ಅರ್ಧದಷ್ಟೇ ಜನ, ಎಸಿ 24ರಿಂದ 30 ಡಿಗ್ರಿ, ಮುಟ್ಟುವ ಜಾಗಗಳಿಗೆ 1% ಹೈಪೊಕ್ಲೋರೈಟ್ (ಕ್ಲೋರಿನ್ ಸೋಂಕುನಾಶಕ, ಚಿಕ್ಕದಾಗಿ ಹೈಪೊ). ಇವನ್ನೆಲ್ಲ ಅಕ್ಷರಶಃ ಪಾಲಿಸಿದ ಪಾರ್ಕ್‌ನಲ್ಲೂ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಪರಿಸ್ಥಿತಿ ಬರಬಹುದು. ಮುಂದಿನ ಸಲ ಇಂಥ ಸೋಂಕು ಬಂದಾಗಲೂ ತೊಂದರೆ ಇಲ್ಲಿಂದಲೇ ಶುರುವಾಗುತ್ತದೆ. ಹಾಗಾಗಿ ಸ್ಯಾನಿಟೈಸರ್ ಡಬ್ಬ ಎಲ್ಲಿಡಬೇಕು ಎಂಬುದಕ್ಕಿಂತ ಮೊದಲು ಲೆಕ್ಕ ಹಾಕಿ.

‘ಅರ್ಧ ಜನ’ ಎಂಬ ಲೆಕ್ಕ ಯಾಕೆ ಕೈಕೊಡುತ್ತದೆ

ಗೇಟಿನಲ್ಲಿ ಎಂದಿನ ಅರ್ಧದಷ್ಟೇ ಜನರನ್ನು ಬಿಟ್ಟರೆ ಒಳಗೆ ಅಂತರ ತಾನಾಗಿಯೇ ಸಿಗುತ್ತದೆ ಎಂದುಕೊಳ್ಳುವುದು ಸುಲಭ. ಒಂದು ರೋಲರ್ ಕೋಸ್ಟರ್ ತೆಗೆದುಕೊಳ್ಳಿ. ಸಾಲಿಗೆ ಎರಡರಂತೆ 12 ಸಾಲು, ಒಟ್ಟು 24 ಸೀಟು. ಎರಡು ನಿಮಿಷಕ್ಕೊಂದು ಟ್ರಿಪ್ ಬಿಟ್ಟರೆ ಗಂಟೆಗೆ 30 ಟ್ರಿಪ್, 720 ಜನ. ಈಗ ಒಂದು ಸಾಲು ಬಿಟ್ಟು ಒಂದು ಸಾಲು ಕೂರಿಸಿದರೆ ಟ್ರಿಪ್‌ಗೆ 12 ಜನ. ಪ್ರತಿ ಟ್ರಿಪ್ ಆದಮೇಲೂ ಸೀಟು ಒರೆಸಲು ಎರಡು ನಿಮಿಷ ಕೊಟ್ಟರೆ ಗಂಟೆಗೆ 15 ಟ್ರಿಪ್ ಮಾತ್ರ. ಅಂದರೆ 180 ಜನ. ಗೇಟಿನಲ್ಲಿ ಜನರನ್ನು ಅರ್ಧಕ್ಕೆ ಇಳಿಸಿದಿರಿ, ರೈಡ್ ಮಾತ್ರ ಕಾಲು ಭಾಗಕ್ಕೆ ಇಳಿಯಿತು. ಮೊದಲು 360 ಜನರ ಕ್ಯೂ ಅರ್ಧ ಗಂಟೆಯಲ್ಲಿ ಕರಗುತ್ತಿತ್ತು. ಈಗ 180 ಜನರ ಕ್ಯೂ ಒಂದು ಗಂಟೆ ನಿಲ್ಲುತ್ತದೆ.

ಜಾಗದ ಕಥೆ ಇದಕ್ಕಿಂತ ಕೆಟ್ಟದ್ದು. ಹಾವಿನಂತೆ ಸುತ್ತುವ ರೈಲಿಂಗ್ ಕ್ಯೂನಲ್ಲಿ ಹಿಂದೆ ಮುಂದೆ ಆರು ಅಡಿಗೊಂದು ಹಳದಿ ಪಾದದ ಗುರುತು ಅಂಟಿಸಿ ಸುಮ್ಮನಾಗುವವರೇ ಹೆಚ್ಚು. ಆದರೆ ಪಕ್ಕದ ಲೇನ್‌ನಲ್ಲಿರುವವರ ಮುಖ ಮೂರಡಿ ದೂರದಲ್ಲೇ ಇರುತ್ತದೆ, ಕ್ಯೂ ಮುಂದೆ ಸರಿದಂತೆಲ್ಲ ಹೊಸ ಹೊಸ ಮುಖ ಎದುರಾಗುತ್ತದೆ. ಒಂದೋ ನಡುವಿನ ರೈಲಿಂಗ್ ಕಳಚಿ ಎರಡು ಲೇನ್‌ಗಳನ್ನು ಒಂದಾಗಿಸಬೇಕು, ಇಲ್ಲವೇ ಲೇನ್‌ಗಳ ನಡುವೆ ತಲೆಗಿಂತ ಒಂದಡಿ ಎತ್ತರದ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟ್ ನಿಲ್ಲಿಸಬೇಕು. ಶೀಟ್ ಹಾಕಿದರೆ ತಗಡಿನ ಶೆಡ್ಡಿನೊಳಗೆ ಗಾಳಿ ನಿಂತುಬಿಡುತ್ತದೆ. ಆಗ ಗಾಳಿಯನ್ನು ಹೊರಕ್ಕೆ ತಳ್ಳುವ ಫ್ಯಾನ್ ಬೇಕು, ಜನರ ಮುಖಕ್ಕೆ ಬೀಸುವ ಫ್ಯಾನ್ ಅಲ್ಲ. ನಮ್ಮ ಸಲಹೆ ರೈಲಿಂಗ್ ಕಳಚುವುದೇ. 180 ಮೀಟರ್ ಉದ್ದದ ಕ್ಯೂ ಹೀಗೆ 90 ಮೀಟರ್ ಆಗುತ್ತದೆ. ಮೂರು ಜನರ ಒಂದು ಕುಟುಂಬಕ್ಕೆ ನಿಲ್ಲಲು 1.2 ಮೀಟರ್, ಮುಂದಿನ ಕುಟುಂಬಕ್ಕೆ ಅಂತರ 1.8 ಮೀಟರ್. 90 ಮೀಟರ್‌ನಲ್ಲಿ 30 ಕುಟುಂಬ, 90 ಜನ. ಅಷ್ಟೇ. ಉಳಿದ 90 ಜನ ನಡೆದಾಡುವ ದಾರಿಗೆ ಚೆಲ್ಲುತ್ತಾರೆ.

ಇದಕ್ಕೆ ಪರಿಹಾರವನ್ನು ಕ್ಯೂನಲ್ಲಿ ಹುಡುಕಬೇಡಿ, ಪ್ಲಾಟ್‌ಫಾರ್ಮ್‌ನಲ್ಲಿ ಹುಡುಕಿ. ಒಂದೇ ಮನೆಯವರನ್ನು ಬಿಡಿಸಿ ಕೂರಿಸುವುದರಲ್ಲಿ ಅರ್ಥವಿಲ್ಲ. ಒಂದೇ ಕಾರಿನಲ್ಲಿ ಬಂದವರು ಅವರು. ಕುಟುಂಬವನ್ನು ಒಟ್ಟಿಗೆ ಕೂರಿಸಿ, ಕುಟುಂಬಗಳ ನಡುವೆ ಮಾತ್ರ ಒಂದು ಸಾಲು ಖಾಲಿ ಬಿಡಿ. ನಾಲ್ಕು ಜನರ ಕುಟುಂಬಕ್ಕೆ ಎರಡು ಸಾಲು, ಒಂದು ಖಾಲಿ: 12 ಸಾಲಿನಲ್ಲಿ ನಾಲ್ಕು ಕುಟುಂಬ, 16 ಜನ. ಹಾಗೆಯೇ ಪ್ರತಿ ಟ್ರಿಪ್‌ಗೂ ಸೀಟು ಒರೆಸುವುದನ್ನು ಬಿಡಿ. ಹತ್ತುವ ಮುಂಚೆ ಮತ್ತು ಇಳಿದ ಮೇಲೆ ಎಲ್ಲರ ಕೈಗೂ ಸ್ಯಾನಿಟೈಸರ್ ಹಾಕಿಸಿ, ಹಿಡಿಕೆಗಳನ್ನು ಅರ್ಧ ಗಂಟೆಗೊಮ್ಮೆ ಒರೆಸಿದರೆ ಸಾಕು. ಕೊರೊನಾ ವೈರಸ್ ಮುಖ್ಯವಾಗಿ ಹರಡಿದ್ದು ಉಸಿರಿನಿಂದ. ಮೇಲ್ಮೈ ಮುಟ್ಟಿ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಮುಂದೆ ಬರುವ ಸೋಂಕು ಮುಟ್ಟುವುದರಿಂದಲೇ ಹರಡುವಂಥದ್ದಾದರೆ ಈ ಲೆಕ್ಕ ತಿರುಗುಮುರುಗಾಗುತ್ತದೆ, ಆಗ ಒರೆಸಲೇಬೇಕು.

ಈ ಎರಡು ಬದಲಾವಣೆಯಿಂದ ಟ್ರಿಪ್ಪಿನ ಅವಧಿ ಎರಡೂವರೆ ನಿಮಿಷಕ್ಕೆ ಬಂದರೆ ಗಂಟೆಗೆ 24 ಟ್ರಿಪ್, 384 ಜನ. 720ರ ಅರ್ಧ 360. ಈಗ ‘ಅರ್ಧ ಜನ’ ಎಂಬ ಲೆಕ್ಕ ಕೂಡಿಬಂತು. ಆದರೆ ಜೋಡಿಗಳೇ ಹೆಚ್ಚು ಬರುವ ದಿನ ಒಂದು ಸಾಲು ಭರ್ತಿ, ಒಂದು ಖಾಲಿ. ಮತ್ತೆ 12 ಜನ, ಗಂಟೆಗೆ 288. ಟಿಕೆಟ್ ಮಿತಿಗೆ ಈ ಸಣ್ಣ ಅಂಕಿಯನ್ನೇ ಹಿಡಿಯಿರಿ.

ದಿನದ ಟಿಕೆಟ್ ಮಿತಿ ಹೀಗೆ: ಪ್ರತಿ ರೈಡ್‌ನ ಸೀಟು ಮತ್ತು ಕ್ಯೂನಲ್ಲಿ ನಿಲ್ಲಬಹುದಾದ ಜನ, ಹೋಟೆಲ್‌ಗಳಲ್ಲಿ ಅಂತರ ಬಿಟ್ಟ ಟೇಬಲ್‌ಗಳ ಸೀಟು, ನೆರಳಿರುವ ತೆರೆದ ಜಾಗದ ಜನ, ಇಷ್ಟನ್ನು ಕೂಡಿಸಿ. ನಮ್ಮಲ್ಲಿ ದಿನವಿಡೀ ನಡೆಯುವ ಒಂದೇ ಟಿಕೆಟ್. ಬೆಳಿಗ್ಗೆ ಬಂದವರು ಸಂಜೆವರೆಗೂ ಕದಲುವುದಿಲ್ಲ. ಆದ್ದರಿಂದ ಒಂದು ಹೊತ್ತಿಗೆ ಒಳಗೆ ಹಿಡಿಸುವಷ್ಟೇ ಇಡೀ ದಿನದ ಟಿಕೆಟ್. ಮಳೆಗಾಲದಲ್ಲಿ ತೆರೆದ ಜಾಗದ ಅಂಕಿಯನ್ನು ಪೂರ್ತಿ ಕಳೆಯಿರಿ. ನಾಲ್ಕು ಹನಿ ಬಿದ್ದರೆ ಅಲ್ಲಿದ್ದವರೆಲ್ಲ ಹತ್ತಿರದ ಶೆಡ್ಡಿಗೆ, ಹೋಟೆಲಿಗೆ ನುಗ್ಗುತ್ತಾರೆ. ಕೌಂಟರಿನಲ್ಲಿ ಟಿಕೆಟ್ ಮಾರಬೇಡಿ, ಎಲ್ಲವೂ ಮುಂಗಡ ಬುಕಿಂಗ್ ಇರಲಿ, ಒಳಬರಲು ಅರ್ಧ ಗಂಟೆಯ ಸ್ಲಾಟ್ ಕೊಡಿ. ಶಾಂಘೈ ಡಿಸ್ನಿಲ್ಯಾಂಡ್ 2020ರ ಮೇ 11ರಂದು ತೆರೆದಾಗ ಸರ್ಕಾರ ವಿಧಿಸಿದ ಮಿತಿ ಶೇ. 30. ಪಾರ್ಕ್‌ನವರು ಅದಕ್ಕಿಂತಲೂ ಕಡಿಮೆ ಜನರಿಂದ ಶುರುಮಾಡಿದರು.

ನಿಂತ ಯಂತ್ರ

2020ರ ಮೇ 7ರಂದು ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಸ್ಟೈರೀನ್ ಎಂಬ ವಿಷಾನಿಲ ಸೋರಿದ ಎರಡೇ ದಿನಕ್ಕೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಕಾರ್ಖಾನೆಗಳಿಗೆ ಒಂದು ಸೂಚನೆ ಕೊಟ್ಟಿತು: ಲಾಕ್‌ಡೌನ್ ನಂತರ ಮರಳಿ ಶುರುಮಾಡುವ ಮೊದಲ ವಾರವನ್ನು ಟ್ರಯಲ್ ರನ್ ಎಂದೇ ಪರಿಗಣಿಸಿ. ಪಾರ್ಕ್‌ಗಳಿಗೂ ಇದೇ ಸರಿ.

ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತು ನಿಂತ ಪಾಲಿಯುರೆಥೇನ್ ಚಕ್ರ ಅಲ್ಲೇ ಚಪ್ಪಟೆಯಾಗಿರುತ್ತದೆ. ಓಡುವಾಗ ಒಂದೇ ಲಯದಲ್ಲಿ ‘ಧಡ್ ಧಡ್’ ಕೇಳಿಸಿದರೆ ಚಕ್ರ ಬದಲಿಸಿ. ಏರ್ ಬ್ರೇಕ್ ಲೈನ್‌ನಲ್ಲಿ ನೀರು ಸೇರಿರುತ್ತದೆ, ಮೊದಲು ಟ್ಯಾಂಕ್ ಡ್ರೈನ್ ಮಾಡಿ. ಹೈಡ್ರಾಲಿಕ್ ಸೀಲ್ ಒಣಗಿ ಎಣ್ಣೆ ಸೋರಬಹುದು. ಕೇಬಲ್ ಟ್ರೇಯಲ್ಲಿ ಇಲಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಲ್ಲಿ, ಎತ್ತರದ ಕಂಬಗಳಲ್ಲಿ ಹೆಜ್ಜೇನು. ರೈಡ್ ನಡೆಸುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿಯ ಬ್ಯಾಕಪ್ ಬ್ಯಾಟರಿ ಸತ್ತಿದ್ದರೆ ಪ್ರೋಗ್ರಾಮೇ ಅಳಿಸಿಹೋಗಿರಬಹುದು. ಜನರೇಟರ್‌ನ ಹಳೇ ಡೀಸೆಲ್ ತೆಗೆದು, ಟ್ಯಾಂಕ್ ತಳದ ನೀರು ಬಸಿದು, ಪೂರ್ತಿ ಲೋಡ್ ಕೊಟ್ಟು ನೋಡಿ. ಇದಾದ ಮೇಲೆ ಖಾಲಿ ಓಟ, ನಂತರ ಮರಳಿನ ಮೂಟೆ ಅಥವಾ ನೀರು ತುಂಬಿದ ಡಮ್ಮಿ ಕಟ್ಟಿ ಓಟ, ಕೊನೆಗೆ ಸಿಬ್ಬಂದಿ ಕೂತು ಓಟ. ಎಷ್ಟು ಸುತ್ತು ಎಂಬುದನ್ನು ತಯಾರಕರ ಮ್ಯಾನ್ಯುಯಲ್ ನೋಡಿ ನಿರ್ಧರಿಸಿ.

ಅರ್ಧ ಸೀಟು ತುಂಬಿದರೆ ಲೋಡ್ ಕಡಿಮೆ, ಆದ್ದರಿಂದ ಸುರಕ್ಷಿತ ಎಂದುಕೊಳ್ಳುವುದು ತಪ್ಪು. ಹಗುರವಾದ ಕೋಸ್ಟರ್ ಟ್ರೇನ್ ಚಳಿಯ ಬೆಳಿಗ್ಗೆ, ಗ್ರೀಸ್ ಗಟ್ಟಿಯಾಗಿದ್ದಾಗ, ಮುಂದಿನ ಏರು ಹತ್ತಲಾಗದೆ ತಗ್ಗಿನಲ್ಲಿ ನಿಂತುಬಿಡಬಹುದು. ಜೈಂಟ್ ವೀಲ್‌ನಲ್ಲಿ, ಗಿರಗಿರನೆ ತಿರುಗುವ ರೈಡ್‌ಗಳಲ್ಲಿ ಒಂದು ಬದಿಯೇ ಭಾರವಾದರೆ ಬೇರಿಂಗ್‌ಗೂ ಬ್ರೇಕಿಗೂ ಪೆಟ್ಟು. ಎಷ್ಟು ಕನಿಷ್ಠ ಭಾರ ಬೇಕು, ಎರಡು ಬದಿಯ ವ್ಯತ್ಯಾಸ ಎಷ್ಟಿರಬಹುದು ಎಂದು ತಯಾರಕರಿಂದ ಬರಹದಲ್ಲೇ ತರಿಸಿಕೊಳ್ಳಿ. ಆ ಪ್ರಕಾರ ‘ಈ ಸೀಟು ತುಂಬಿ, ಈ ಸೀಟು ಬಿಡಿ’ ಎಂಬ ಚಿತ್ರವನ್ನು ಆಪರೇಟರ್ ಕಣ್ಣೆದುರೇ ಅಂಟಿಸಿ.

ಹೈಪೊ ಎಲ್ಲಿ, ಎಲ್ಲಿ ಬೇಡ

1% ದ್ರಾವಣಕ್ಕೆ, 5% ಹೈಪೊ ಸಿಕ್ಕರೆ ಒಂದು ಲೀಟರಿಗೆ ನಾಲ್ಕು ಲೀಟರ್ ನೀರು. 10% ಆದರೆ ಒಂಬತ್ತು ಲೀಟರ್. ಬ್ಲೀಚಿಂಗ್ ಪೌಡರ್‌ನಲ್ಲಿ 30% ಕ್ಲೋರಿನ್ ಇದ್ದರೆ ಲೀಟರ್ ನೀರಿಗೆ 33 ಗ್ರಾಂ, ಕದಡಿ ಕೆಳಗೆ ಕೂರಲು ಬಿಟ್ಟು ಮೇಲಿನ ತಿಳಿ ಮಾತ್ರ ಬಳಸಿ. ಆ ದಿನದ್ದು ಆ ದಿನವೇ ಮುಗಿಯಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಜತೆ ಒಂದೇ ಬಕೆಟ್ಟಿಗೆ ಸುರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಹೊಸ ಹೌಸ್‌ಕೀಪಿಂಗ್ ಹುಡುಗರಿಗೆ ಮೊದಲ ದಿನ ಹೇಳಬೇಕಾದ ಮಾತೇ ಇದು.

ಈ ದ್ರಾವಣ ನೆಲಕ್ಕೆ, ಟಾಯ್ಲೆಟ್‌ಗೆ ಸರಿ. ಕೂತವರನ್ನು ಸೀಟಿಗೆ ಬಿಗಿಹಿಡಿಯುವ ಭುಜದ ಹಾರ್ನೆಸ್‌ಗೆ ಬೇಡವೇ ಬೇಡ. ಹೈಪೊ ಸ್ಟೀಲನ್ನು ತಿನ್ನುತ್ತದೆ. ಹಾರ್ನೆಸ್ ಕೆಳಗಿಳಿದಾಗ ‘ಕಟ್ ಕಟ್’ ಎನ್ನುವ ರ‍್ಯಾಚೆಟ್‌ನ ಹಲ್ಲು, ಅದರ ಹಿಂದಿನ ಪುಟ್ಟ ಸ್ಪ್ರಿಂಗ್, ಲಾಕ್ ಆಗಿದೆ ಎಂದು ಹೇಳುವ ಸೆನ್ಸರ್, ಇವೆಲ್ಲ ಹೊದಿಕೆಯೊಳಗೆ ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುತ್ತವೆ. ಹೊದಿಕೆ ಬಿರುಕು ಬಿಡುತ್ತದೆ, ಬೆಲ್ಟಿನ ನೂಲು ಸವೆಯುತ್ತದೆ. ಹಾರ್ನೆಸ್‌ಗೆ ತಯಾರಕರು ಒಪ್ಪಿದ ಸೋಂಕುನಾಶಕವನ್ನು ಬಟ್ಟೆಗೆ ಹಾಕಿ ಒರೆಸಿ, ನೇರವಾಗಿ ಸ್ಪ್ರೇ ಹೊಡೆಯಬೇಡಿ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರದಿದ್ದರೆ ಒರೆಸಿದ್ದು ವ್ಯರ್ಥ. ಬಟನ್, ಪ್ಯಾನೆಲ್‌ಗೆ 70% ಆಲ್ಕೋಹಾಲ್, ಸ್ವಿಚ್ ಆಫ್ ಮಾಡಿದ ಮೇಲೆ.

ನೀರು

ಸರಿಯಾದ ಕ್ಲೋರಿನ್ ಇದ್ದರೆ ಪೂಲ್ ನೀರಿನಿಂದ ಕೊರೊನಾ ವೈರಸ್ ಹರಡುವ ಭಯ ಇಲ್ಲ. ಭಯವಿರುವುದು ಪೂಲ್‌ನಲ್ಲಿ ಗುಂಪುಗೂಡುವ ತಲೆಗಳಿಂದ, ಮತ್ತು ತಿಂಗಳುಗಟ್ಟಲೆ ನಿಂತ ನೀರಿನಿಂದ. ಶವರ್, ಮಂಜು ಹಾರಿಸುವ ಫ್ಯಾನ್, ಬಳಸದ ಪೈಪ್‌ಗಳಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆದಿರಬಹುದು. ಅದು ಹನಿಯ ಮೂಲಕ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತದೆ. ಎಲ್ಲ ನಲ್ಲಿಗಳನ್ನೂ ನಿಧಾನಕ್ಕೆ, ಹನಿ ಸಿಡಿಯದಂತೆ, ಎನ್95 ಹಾಕಿಕೊಂಡು ಹರಿಯಬಿಡಿ. ಫಿಲ್ಟರ್‌ನ ಮರಳು ಗಡ್ಡೆಕಟ್ಟಿದ್ದರೆ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು) ಸಾಲದು, ಮರಳನ್ನೇ ಬದಲಿಸಿ. ಪೂಲ್‌ಗೆ ಒಂದು ರಾತ್ರಿ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ) ಕ್ಲೋರಿನ್ ಕೊಟ್ಟು ಪಂಪ್ ಓಡಿಸಿ, ಜನ ಇಳಿಯುವ ಹೊತ್ತಿಗೆ 1ರಿಂದ 3 ಪಿಪಿಎಂಗೆ ತನ್ನಿ.

ಕ್ಲೋರಿನ್ ಅಂಕಿಯೊಂದನ್ನೇ ನೋಡಿ ನೆಮ್ಮದಿಯಾಗಬೇಡಿ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಜತೆಗೇ ನೋಡಿ. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಸುಮಾರು ಅರ್ಧ ಕೆಲಸಕ್ಕೆ ಬರುತ್ತದೆ, 8ರಲ್ಲಿ ಕಾಲು ಭಾಗ ಮಾತ್ರ. ಮೀಟರ್ 2 ಪಿಪಿಎಂ ತೋರಿಸಿದರೂ ನಿಮ್ಮ ಕೈಗೆ ಸಿಕ್ಕಿದ್ದು ಅರ್ಧ ಪಿಪಿಎಂ. ಹೈಪೊ ಹಾಕಿದಷ್ಟೂ ಪಿಎಚ್ ಏರುತ್ತದೆ, ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಅದನ್ನು ಇಳಿಸಲು ಆಸಿಡ್ ಹೆಚ್ಚು ಬೇಕು. ಪಿಎಚ್ 7.2ರಿಂದ 7.8ರ ನಡುವೆ ಇರಲಿ, ಗಂಟೆಗೊಮ್ಮೆ ಅಳೆದು ಬರೆಯಿರಿ.

ಫೈಬರ್ ಸ್ಲೈಡ್‌ಗಳ ಜಾಯಿಂಟ್ ಮೇಲೆ ಹಳೆಯ ಹತ್ತಿ ಬಟ್ಟೆ ಎಳೆದು ನೋಡಿ; ನೂಲು ಸಿಕ್ಕಿಕೊಂಡ ಕಡೆ ಬೆನ್ನಿನ ಚರ್ಮವೂ ಸಿಕ್ಕಿಕೊಳ್ಳುತ್ತದೆ. ವೇವ್ ಪೂಲ್‌ನ ಸೈರನ್ ನಿಲ್ಲಿಸಿ. ಅದು ಕೂಗಿದ ಕೂಡಲೇ ಇಡೀ ಪಾರ್ಕ್ ಅತ್ತ ಓಡುತ್ತದೆ. ಅಲೆಯ ಸುತ್ತುಗಳನ್ನು ಹೆಚ್ಚಿಸಿ, ರಿಸ್ಟ್‌ಬ್ಯಾಂಡ್ ಬಣ್ಣದ ಪ್ರಕಾರ ಸರದಿಯಲ್ಲಿ ಒಳಬಿಡಿ; ಅಲೆ ಶುರುವಾಗುವ ಮುಂಚೆ ಒಳಗಿದ್ದವರಿಗೆ ಲೈಫ್‌ಗಾರ್ಡ್‌ಗಳು ತಿಳಿಸಲಿ. ರೈನ್ ಡ್ಯಾನ್ಸ್ ಪೂರ್ತಿ ಮುಚ್ಚಿಡಿ, ಅಲ್ಲಿ ಅಂತರ ಕಾಯುವುದು ಆಗದ ಮಾತು. ನೀರಿನಲ್ಲಿ ಮಾಸ್ಕ್ ಹಾಕಿಸಬೇಡಿ, ಒದ್ದೆ ಮಾಸ್ಕ್ ಉಸಿರು ಕಟ್ಟಿಸುತ್ತದೆ. ಹಾಗಾಗಿಯೇ ನೀರಿನ ಹತ್ತಿರ ಅಂತರ ಇನ್ನಷ್ಟು ಬಿಗಿಯಾಗಿರಬೇಕು.

ಗೇಟು, ಕಿರುಚಾಟ, ಕ್ಯಾಂಟೀನು

ಹಣೆಗೆ ಹಿಡಿಯುವ ಥರ್ಮಾಮೀಟರ್ ಬಿಸಿಲಿನಲ್ಲಿ ನಡೆದುಬಂದವರಿಗೆಲ್ಲ ಜ್ವರ ತೋರಿಸುತ್ತದೆ. ನೆರಳಿನಲ್ಲಿ ಐದು ನಿಮಿಷ ಕೂರಿಸಿ ಮತ್ತೆ ನೋಡಿ. ನಿಜ ಹೇಳಬೇಕೆಂದರೆ, ಲಕ್ಷಣ ಬರುವ ಮುಂಚೆಯೇ ಸೋಂಕು ಹರಡುವವರನ್ನು ಅದು ಹಿಡಿಯುವುದೇ ಇಲ್ಲ. ನಾಲ್ಕು ಜನರ ಟಿಕೆಟ್‌ಗೆ ಸಾವಿರಾರು ರೂಪಾಯಿ ಕಟ್ಟಿದವರು ಜ್ವರಕ್ಕೆ ಡೋಲೊ ನುಂಗಿಯಾದರೂ ಬರುತ್ತಾರೆ. ‘ಹುಷಾರಿಲ್ಲದಿದ್ದರೆ ಬೆಳಿಗ್ಗೆ ಫೋನ್ ಮಾಡಿ, ದಿನಾಂಕ ಬದಲಿಸುತ್ತೇವೆ, ಶುಲ್ಕವಿಲ್ಲ’ ಎಂಬ ಒಂದು ಸಾಲು ಟಿಕೆಟ್ ಮೇಲಿದ್ದರೆ ಅದು ಥರ್ಮಾಮೀಟರ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಜಪಾನಿನ ಪಾರ್ಕ್‌ಗಳ ಸಂಘಗಳು 2020ರಲ್ಲಿ ರೋಲರ್ ಕೋಸ್ಟರ್ ಮೇಲೆ ಕಿರುಚದಂತೆ ಜನರನ್ನು ಕೇಳಿಕೊಳ್ಳಲು ಹೇಳಿದವು. ನಮ್ಮವರು ಕೇಳುತ್ತಾರೆಂಬ ಭರವಸೆ ಇಟ್ಟುಕೊಳ್ಳಬೇಡಿ. ಬಯಲಿನಲ್ಲಿ ವೇಗವಾಗಿ ಓಡುವ ರೈಡ್‌ನಲ್ಲಿ ಉಸಿರು ಗಾಳಿಗೆ ಚದುರಿಹೋಗುತ್ತದೆ. ಕಿರುಚಾಟಕ್ಕೆ ಹೆದರಬೇಕಾದದ್ದು ಮುಚ್ಚಿದ ಭೂತಬಂಗಲೆ, ಥ್ರೀಡಿ ಥಿಯೇಟರ್‌ಗಳಲ್ಲಿ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಇಡಿ. 800 ಪಿಪಿಎಂ ದಾಟಿದರೆ ಹೊರಗಿನ ಗಾಳಿ ಸಾಲದು ಎಂದರ್ಥ, ಜನರನ್ನು ಕಡಿಮೆ ಮಾಡಿ. ಹೊರಗಿನ ಗಾಳಿ ಬಾರದ ಸ್ಪ್ಲಿಟ್ ಎಸಿ ಕೋಣೆಗಳನ್ನು ತೆರೆಯದಿರುವುದೇ ಮೇಲು. ವೇಗದ ರೈಡ್‌ನಲ್ಲಿ ಕಿವಿಗೆ ಸಿಕ್ಕಿಸುವ ಸಡಿಲ ಮಾಸ್ಕ್ ಹಾರಿ ಚಕ್ರಕ್ಕೆ ಸಿಕ್ಕಬಹುದು, ತಲೆಯ ಹಿಂದೆ ಕಟ್ಟುವ ಮಾಸ್ಕನ್ನೇ ಕೇಳಿ.

ಸಿಬ್ಬಂದಿಗೆ ಸೋಂಕು ತಗಲುವುದು ಹೆಚ್ಚಾಗಿ ರೈಡ್ ಹತ್ತಿರವಲ್ಲ. ಕ್ಯಾಂಟೀನ್, ಬಟ್ಟೆ ಬದಲಿಸುವ ಕೋಣೆ, ಸ್ಟಾಫ್ ಬಸ್, ಹಾಸ್ಟೆಲ್‌ಗಳಲ್ಲಿ. ಎರಡು ತಂಡ ಮಾಡಿ, ಅವು ಎಲ್ಲೂ ಮುಖಾಮುಖಿಯಾಗದಿರಲಿ. ರೈಡ್‌ಗೆ ಸಹಿ ಹಾಕುವ ಟೆಕ್ನೀಶಿಯನ್‌ಗಳು ಬೆರಳೆಣಿಕೆಯಷ್ಟು. ಅವರನ್ನು ಎರಡೂ ತಂಡಗಳಿಗೆ ಹಂಚಿ. ಸಹಿ ಹಾಕುವವರು ಕ್ವಾರಂಟೈನ್‌ನಲ್ಲಿದ್ದರೆ ಆ ರೈಡ್ ಆ ದಿನ ಓಡಬಾರದು. ಕರೆಂಟ್ ಹೋಗಿ ಎತ್ತರದಲ್ಲಿ ಸಿಕ್ಕಿಕೊಂಡವರನ್ನು ಇಳಿಸುವಾಗ ಅಂತರ ಪಾಲಿಸಲಾಗದು, ರೆಸ್ಕ್ಯೂ ಕಿಟ್‌ನಲ್ಲಿ ಎನ್95 ಮತ್ತು ಫೇಸ್ ಶೀಲ್ಡ್ ಮೊದಲೇ ಇರಲಿ.

ತೆರೆಯುವ ಯೋಜನೆಯ ಜತೆಗೇ ಮುಚ್ಚುವ ಯೋಜನೆಯನ್ನೂ ಬರೆದಿಡಿ. ಹಾಂಕಾಂಗ್ ಡಿಸ್ನಿಲ್ಯಾಂಡ್ 2020ರ ಜೂನ್ 18ರಂದು ತೆರೆದು ಜುಲೈ 15ಕ್ಕೆ ಮತ್ತೆ ಮುಚ್ಚಬೇಕಾಯಿತು. ಯಾರ ಮಾತಿಗೆ ಗೇಟು ಮುಚ್ಚುವುದು, ಬುಕಿಂಗ್ ಹಣ ಎಷ್ಟು ದಿನದಲ್ಲಿ ವಾಪಸ್, ಯಾವ ಟೆಕ್ನೀಶಿಯನ್‌ಗಳಿಗೆ ಒಳಬರಲು ಪಾಸ್ ಎಂಬುದು ಅದರಲ್ಲಿರಲಿ. ಮುಚ್ಚಿದ ಮೇಲೂ ವಾರಕ್ಕೊಮ್ಮೆ ಪ್ರತಿ ಟ್ರೇನನ್ನೂ ಓಡಿಸಿ ಬೇರೆ ಜಾಗದಲ್ಲಿ ನಿಲ್ಲಿಸಿ, ಪಂಪ್‌ಗಳನ್ನು ದಿನಕ್ಕೆ ಕೆಲವು ಗಂಟೆ ಓಡಿಸಿ, ಪೂಲ್‌ನಲ್ಲಿ 1 ಪಿಪಿಎಂ ಕ್ಲೋರಿನ್ ಉಳಿಸಿ, ಶವರ್‌ಗಳನ್ನು ಹರಿಯಬಿಡಿ. ಇಷ್ಟು ಮಾಡಿದ್ದರೆ ಮುಂದಿನ ಸಲ ಚಕ್ರ, ಸೀಲ್, ಫಿಲ್ಟರ್ ಮರಳಿನ ಖರ್ಚು ಬಹುಪಾಲು ಉಳಿಯುತ್ತದೆ.