ಒಂದು ಸೆಮಿಸ್ಟರ್ ಜಪಾನಿನಲ್ಲಿ ವುಡ್‌ಕಟ್: ಕ್ರೆಡಿಟ್, ದುಡ್ಡು, ಒದ್ದೆ ಕಾಗದ

ಬಿ.ವಿ.ಎ. (ದೃಶ್ಯಕಲಾ ಪದವಿ) ನಡುವೆ ಎಕ್ಸ್‌ಚೇಂಜ್ ಹೋದರೆ ಒಂದು ವರ್ಷ ಹಾಳು, ಕ್ರೆಡಿಟ್ ಯಾರೂ ಒಪ್ಪುವುದಿಲ್ಲ, ತೋಟ ಅಡವಿಡಬೇಕಾಗುತ್ತದೆ. ಶಿರಸಿಯಲ್ಲಿ ಹೊರಡುವ ಮುಂಚೆ ಕೇಳಿದ ಮಾತು ಈ ಮೂರು. ಮೂರೂ ಸುಳ್ಳಾದವು. ಕ್ಯೋಟೋದಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಮೊಕುಹಾಂಗ, ಅಂದರೆ ಮರದ ಹಲಗೆ ಕೆತ್ತಿ ಅಚ್ಚು ಹಾಕುವ ನೀರುಬಣ್ಣದ ಜಪಾನಿ ವುಡ್‌ಕಟ್ ಕಲಿತು, ಬ್ಯಾಚಿನವರ ಜೊತೆಗೇ ಪಾಸಾಗಿದ್ದೇನೆ. ಪ್ರಿಂಟ್‌ಮೇಕಿಂಗ್ ಗೊತ್ತಿದ್ದವರಿಗಾಗಿ ಬರೆಯುತ್ತಿರುವುದರಿಂದ ಬುಡದಿಂದ ಏನನ್ನೂ ವಿವರಿಸುವುದಿಲ್ಲ.

ಮೊದಲು ಎಡವುವುದು ಅರ್ಜಿಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ನೇರ ಅರ್ಜಿ ಹಾಕಿದರೆ ಅದು ಎಕ್ಸ್‌ಚೇಂಜ್ ಆಗುವುದೇ ಇಲ್ಲ. ಎರಡೂ ಕಡೆಯ ನಡುವೆ ಒಪ್ಪಂದ ಇರಬೇಕು, ನಮ್ಮ ಕಡೆಯವರು ಹೆಸರು ಕಳಿಸಬೇಕು. ಆಗ ಮಾತ್ರ ಅಲ್ಲಿಯ ಬೋಧನಾ ಶುಲ್ಕ ಮಾಫಿ, ಇಲ್ಲಿಯ ಫೀ ಕಟ್ಟಿದರೆ ಸಾಕು. ಮೊದಲ ಸಲ ನೇರ ಹಾಕಿ ಒಂದು ವರ್ಷದ ಅವಕಾಶ ಕಳೆದುಕೊಂಡೆ. ಅಕ್ಟೋಬರ್‌ಗೆ ಹೋಗಬೇಕೆಂದರೆ ಮಾರ್ಚ್-ಏಪ್ರಿಲ್‌ನಲ್ಲಿ ಹೆಸರು ಹೋಗಿರಬೇಕು, ಮೇ ಹೊತ್ತಿಗೆ ಪೋರ್ಟ್‌ಫೋಲಿಯೋ. ಸಿಒಇ, ಅಂದರೆ ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿ, ಬರಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಅದು ಕೈಗೆ ಬಂದರೆ ವೀಸಾ ಬೆಂಗಳೂರಿನಲ್ಲೇ ಆಗುತ್ತದೆ, ಖರ್ಚೂ ಕಡಿಮೆ.

ಸಿಒಇಗೆ ಹಣಕಾಸಿನ ದಾಖಲೆ ಬೇಕು. ತೋಟಿಗರ ಮನೆಯವರು ಸಿಕ್ಕಿಬೀಳುವುದು ಇಲ್ಲೇ. ದುಡ್ಡು ಸೊಸೈಟಿ ಖಾತೆಯಲ್ಲಿ, ಪಾಸ್‌ಬುಕ್ ಕನ್ನಡದಲ್ಲಿ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ ನೋಡಿದರೆ ಮನೆಗೆ ಆದಾಯವೇ ಇಲ್ಲವೇನೋ ಅನ್ನಿಸುತ್ತದೆ. ನನ್ನ ಕಾಗದಪತ್ರ ಒಮ್ಮೆ ವಾಪಸ್ ಬಂತು. ಎರಡನೇ ಸಲ ಹೀಗೆ ಮಾಡಿದೆ: ಸುಮಾರು ಮೂರೂವರೆ ಲಕ್ಷವನ್ನು ಮೂರು ತಿಂಗಳು ಮುಂಚೆಯೇ ಬ್ಯಾಂಕಿಗೆ ಹಾಕಿ ಇಂಗ್ಲಿಷ್ ಬ್ಯಾಲೆನ್ಸ್ ಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಮತ್ತು ಅದರ ನೋಟರಿ ಭಾಷಾಂತರ, ಜೊತೆಗೆ ಆ ವರ್ಷ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ಪಟ್ಟಿ. ಒಮ್ಮೆಲೇ ದೊಡ್ಡ ಮೊತ್ತ ಜಮಾ ಆದದ್ದು ಯಾಕೆ ಎಂಬ ಪ್ರಶ್ನೆಗೆ ಆ ಪಟ್ಟಿಯೇ ಉತ್ತರ. ಅದನ್ನು ಬಿಟ್ಟರೆ ಮತ್ತೆ ಪತ್ರ ಬರುತ್ತದೆ.

ಕ್ರೆಡಿಟ್ ವಿಷಯದಲ್ಲಿ ಒಂದೇ ಉಪಾಯ: ವಿಭಾಗದಲ್ಲಿ ಕ್ರೆಡಿಟ್ ಅಂತ ಮಾತಾಡಬೇಡಿ, ಗಂಟೆ ಅಂತ ಮಾತಾಡಿ. ಜಪಾನಿನಲ್ಲಿ ಒಂದು ಕ್ರೆಡಿಟ್ ಅಂದರೆ ಓದು, ತಯಾರಿ ಎಲ್ಲ ಸೇರಿ 45 ಗಂಟೆಯ ಕೆಲಸ. ಸ್ಟುಡಿಯೋ ತರಗತಿಗೆ ಸಾಮಾನ್ಯವಾಗಿ 30ರಿಂದ 45 ಗಂಟೆಗೆ ಒಂದು. ನಮ್ಮಲ್ಲೂ ಪ್ರಾಕ್ಟಿಕಲ್ 30 ಗಂಟೆಗೆ ಒಂದು. ಹೀಗೆ ಕೋಷ್ಟಕ ಮಾಡಿ, ಹೊರಡುವ ಮುಂಚೆಯೇ ವಿಭಾಗದ ಮುಖ್ಯಸ್ಥರ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಬಂದಮೇಲೆ ಕೇಳಿದರೆ ಕೆಲಸ ಆಗುವುದಿಲ್ಲ. ವಾರಕ್ಕೆ 10 ಗಂಟೆಗಿಂತ ಕಡಿಮೆ ತರಗತಿ ತೆಗೆದುಕೊಂಡರೆ ವೀಸಾಕ್ಕೇ ತೊಂದರೆ, ಹಾಗಾಗಿ 90 ನಿಮಿಷದ ಏಳು ತರಗತಿ ಕನಿಷ್ಠ. ನಾನು ಹತ್ತು ತೆಗೆದುಕೊಂಡೆ, ಎಂಟು ಸ್ಟುಡಿಯೋ, ಎರಡು ಉಪನ್ಯಾಸ. 12 ಕ್ರೆಡಿಟ್ ಸಿಕ್ಕಿತು. ಸಂಜೆ ಸ್ಟುಡಿಯೋದಲ್ಲಿ ಕಳೆದ ಗಂಟೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ವಾರವಾರ ಅಲ್ಲಿನ ಶಿಕ್ಷಕರ ಸಹಿ ಹಾಕಿಸಿದ್ದೆ. ಅದನ್ನು ಇಲ್ಲಿ ಪ್ರಾಜೆಕ್ಟ್ ಎಂದು ಒಪ್ಪಿ ಇನ್ನೂ ನಾಲ್ಕು ಕೊಟ್ಟರು. ಉಳಿದ ಎರಡು ಥಿಯರಿ ಪೇಪರ್ ಮುಂದಿನ ಸೆಮಿಸ್ಟರ್ ಜೊತೆ ಬರೆದೆ.

ದುಡ್ಡಿನ ಲೆಕ್ಕ ನೆನಪಿನಿಂದ. ಆಗ ನೂರು ಯೆನ್‌ಗೆ 57 ರೂಪಾಯಿ ಆಸುಪಾಸು. ಡಾರ್ಮ್ ತಿಂಗಳಿಗೆ 24,000 ಯೆನ್, ಊಟ ಕೈಯಡುಗೆಯಾದರೆ 30,000, ಫೋನು, ಗ್ಯಾಸು, ಆರೋಗ್ಯ ವಿಮೆ ಸೇರಿ 9,000. ಹಳೆ ಸೈಕಲ್ 8,000. ಸಾಮಾನು, ಕಾಗದ, ಹಲಗೆ ಒಟ್ಟು 65,000. ವಿಮಾನ, ಚಳಿ ಬಟ್ಟೆ, ಓಡಾಟ, ಕಾಗದಪತ್ರ ಎಲ್ಲ ಕೂಡಿ ಐದು ತಿಂಗಳಿಗೆ ಮೂರು ಲಕ್ಷ ಇಪ್ಪತ್ತು ಸಾವಿರ ದಾಟಲಿಲ್ಲ. ಜಪಾನಿನ ವಿದ್ಯಾರ್ಥಿ ನೆರವು ಸಂಸ್ಥೆ ಜಾಸ್ಸೋದ ವಿದ್ಯಾರ್ಥಿವೇತನ ತಿಂಗಳಿಗೆ 80,000 ಯೆನ್ ಇದೆ. ಹೆಸರು ಸೂಚಿಸುವುದು ಅಲ್ಲಿನ ವಿಶ್ವವಿದ್ಯಾಲಯ, ಹಿಂದಿನ ವರ್ಷದ ಗ್ರೇಡ್ ಸರಾಸರಿ 3ಕ್ಕೆ 2.30 ಇರಬೇಕು. ಸಿಕ್ಕರೆ ಒಳ್ಳೆಯದು, ಅದನ್ನು ನಂಬಿ ಲೆಕ್ಕ ಹಾಕಬೇಡಿ. ನನಗೆ ಸಿಗಲಿಲ್ಲ. ವಾರಕ್ಕೆ 28 ಗಂಟೆ ದುಡಿಯುವ ಅನುಮತಿಯನ್ನು ಇಳಿದ ವಿಮಾನನಿಲ್ದಾಣದಲ್ಲೇ ಕೇಳಿ ಪಡೆಯಿರಿ. ಉಳಿಯುವ ಮನೆ ಗೊತ್ತಾದ 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಬಂದು ಆರು ತಿಂಗಳಾಗದವರಿಗೆ ಖಾತೆ ತೆರೆಯಲು ಹೆಚ್ಚಿನ ಬ್ಯಾಂಕುಗಳು ಹಿಂಜರಿಯುತ್ತವೆ. ಅಂಚೆಯ ಯೂಚೋ ಬ್ಯಾಂಕಿಗೆ ಹೋಗಿ.

ಪೋರ್ಟ್‌ಫೋಲಿಯೋ ಬಗ್ಗೆ ಒಂದೇ ಮಾತು. ಮುಗಿದ ಪ್ರಿಂಟ್ ಎಲ್ಲರೂ ಕಳಿಸುತ್ತಾರೆ. ನಾನು 16 ಪುಟದಲ್ಲಿ ಆರನ್ನು ಹಲಗೆ, ಉಳಿ, ಕೆಟ್ಟ ಪ್ರೂಫ್‌ಗಳಿಗೆ ಕೊಟ್ಟೆ. ಗುಡಿಗಾರರ (ಮರಗೆತ್ತನೆಯ ಕುಶಲಕರ್ಮಿಗಳ) ಉಳಿಯಿಂದ ಶಿವನೆ ಮರದ ಹಲಗೆಯಲ್ಲಿ ಕೆತ್ತಿದ ಅಘನಾಶಿನಿ ನದಿಯ ಗಜನಿಯ (ಉಪ್ಪುನೀರಿನ ಗದ್ದೆಯ) ಚಿತ್ರ, ಅದರ ಕೆಳಗೆ ಉಳಿಯ ಅಗಲ ಮಿಲಿಮೀಟರಿನಲ್ಲಿ. ಸಂದರ್ಶನದಲ್ಲಿ ಕೇಳಿದ್ದೆಲ್ಲ ಆ ಆರು ಪುಟದ ಮೇಲೇ. ಶ್ರೀಗಂಧದ ತುಂಡು ಮಾತ್ರ ಚೀಲದಲ್ಲಿ ಒಯ್ಯಬೇಡಿ, ಅದರ ರಫ್ತಿಗೆ ಕಟ್ಟುಪಾಡು ಇದೆ. ಉಳಿ-ಚಾಕುಗಳೆಲ್ಲ ಚೆಕ್-ಇನ್ ಲಗೇಜಿಗೆ.

ಇನ್ನು ಸ್ಟುಡಿಯೋ. ಇಲ್ಲಿ ಉಳಿ ಹಿಡಿದು ಪಳಗಿದ ಕೈ ಅಲ್ಲಿ ಮೊದಲು ಅಡ್ಡಬರುತ್ತದೆ. ಹಾಂಗಿತೋ ಎಂಬ ಗೆರೆಚಾಕುವನ್ನು ಮುಷ್ಟಿಯಲ್ಲಿ ಕಠಾರಿಯಂತೆ ಹಿಡಿದು ತನ್ನ ಕಡೆಗೆ ಎಳೆಯಬೇಕು. ಗೆರೆಯ ಪಕ್ಕವನ್ನು ನೆಟ್ಟಗೆ ಕಡಿದರೆ ನೋಡಲು ಚೆಂದ, ಆದರೆ ಮರದ ಎಳೆಗೆ ಅಡ್ಡವಿರುವ ತೆಳು ಗೆರೆ, ಕಾಗದದ ಬೆನ್ನು ಉಜ್ಜುವ ಬಿಲ್ಲೆಯಾದ ಬರೆನ್‌ನ ಒತ್ತಡಕ್ಕೆ ಎಗರಿಹೋಗುತ್ತದೆ. ಚಾಕು ಓರೆ ಮಾಡಿ, ಗೆರೆ ಮೇಲೆ ಕಿರಿದಾಗಿ ಬುಡದಲ್ಲಿ ಅಗಲವಾಗಿ ನಿಲ್ಲುವಂತೆ ಕಡಿಯಬೇಕು, ಗದ್ದೆಯ ಹಾಳಿಯ (ಬದುವಿನ) ಹಾಗೆ. ಇದು ಕೈಗೆ ಬರಲು ಮೂರು ವಾರ, ಆರು ಶಿನಾ ಪ್ಲೈ (ಜಪಾನಿ ಮೆದುಮರದ ಪ್ಲೈವುಡ್) ಹಲಗೆ ಹೋದವು. ಉಳಿ ಮಸೆಯಲು 1000 ನಂಬರಿನ ಸಾಣೆ, ಆಮೇಲೆ 6000. ದಿನಾ ಬೆಳಿಗ್ಗೆ ಹತ್ತು ನಿಮಿಷ, ಬಿಡದೆ.

ನಿಜವಾದ ನಷ್ಟ ಆದದ್ದು ಒದ್ದೆ ಕಾಗದದಿಂದ. ಕೋಝೋ (ಜಪಾನಿ ಮರದ ತೊಗಟೆಯ ನಾರಿನ) ಕಾಗದ ನೆನೆದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಪ್ರತಿ ಬಣ್ಣದ ಹಲಗೆಯಲ್ಲೂ ಕಾಗದ ಅದೇ ಜಾಗಕ್ಕೆ ಕೂರಲು ಕಡಿಯುವ ಕೆಂತೋ ಗುರುತು ಎಷ್ಟೇ ಚೂಪಾಗಿ ಕಡಿದಿದ್ದರೂ ನಾಲ್ಕನೇ ಬಣ್ಣಕ್ಕೆ ಕಾಗದವೇ ಬೇರೆ ಅಳತೆಯದ್ದಾಗಿದ್ದರೆ ಏನು ಪ್ರಯೋಜನ? ಜನವರಿಯಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಮಾಡಿದ ಮೊದಲ 20 ಪ್ರತಿ ಪೂರ್ತಿ ಹೋಯಿತು, ದೂರದ ಅಂಚಿನಲ್ಲಿ ಎರಡು ಮಿಲಿಮೀಟರ್ ಸರಿದಿತ್ತು. ಕೆಂತೋ ತಿದ್ದುತ್ತ ನಾಲ್ಕು ದಿನ ಹಾಳುಮಾಡಿದೆ. ತಪ್ಪು ಕೆಂತೋದಲ್ಲಿ ಇರಲೇ ಇಲ್ಲ.

ಕೊನೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದೆ. ಬಿ4 ಅಳತೆಯ 20 ಹಾಳೆ ಒಣಗಿದ್ದಾಗ 190 ಗ್ರಾಂ ಹತ್ತಿರ. ಒದ್ದೆ ಪತ್ರಿಕೆಗಳ ನಡುವೆ ಒಂದೊಂದಾಗಿ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಭಾರ ಹೇರಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ 255. ಆ ಅಂಕಿಯನ್ನು ಗೋಡೆಗೆ ಬರೆದೆ. ಪ್ರತಿ ಬಣ್ಣಕ್ಕೆ ಮುಂಚೆ ಕಟ್ಟು ತೂಗುವುದು, ಎಂಟು-ಹತ್ತು ಗ್ರಾಂ ಇಳಿದಿದ್ದರೆ ಸ್ಪ್ರೇ ಹೊಡೆದು ಅರ್ಧ ಗಂಟೆ ಕಟ್ಟಿಡುವುದು. ಹೀಟರ್ ಬಂದ್. ಒಂದು ಹಾಳೆ ಹೊರತೆಗೆದರೆ ಅಚ್ಚಾದ ಕೂಡಲೇ ಮತ್ತೆ ಪ್ಲಾಸ್ಟಿಕ್ ಒಳಗೆ. ಮುಂದಿನ ಸರಣಿ 12 ಬಣ್ಣದ್ದು, 20ರಲ್ಲಿ 17 ಸರಿ ಕೂತವು. ತಕ್ಕಡಿ ಕಂಡು ತಲೆಯಾಡಿಸಿದ್ದ ಸಹಪಾಠಿಗಳಲ್ಲಿ ಇಬ್ಬರು ಆ ವಾರವೇ ತಕ್ಕಡಿ ಕೊಂಡರು.

ಊರಿಗೆ ಬಂದಮೇಲೆ ಸಮಸ್ಯೆ ತಿರುಗಿ ನಿಲ್ಲುತ್ತದೆ. ಶಿರಸಿಯ ಜುಲೈನಲ್ಲಿ ಕಾಗದ ಒಣಗುವುದೇ ಇಲ್ಲ, ಮೂರನೇ ದಿನಕ್ಕೆ ಬೂಸಲು. ಹಾಗಾಗಿ ಎರಡು ದಿನದಲ್ಲಿ ಮುಗಿಯುವಷ್ಟೇ ಬಣ್ಣ ಹಾಕಿಕೊಳ್ಳುತ್ತೇನೆ. ಬಣ್ಣಕ್ಕೆ ಬೆರೆಸುವ ಅಂಟಿಗೆ ಅಕ್ಕಿಹಿಟ್ಟಿನ ಗಂಜಿ ಸಾಕು, ಒಂದು ಬಟ್ಟಲಿಗೆ ಎರಡು ಹನಿ ಲವಂಗದ ಎಣ್ಣೆ ಬಿಟ್ಟರೆ ವಾರ ಕೆಡುವುದಿಲ್ಲ. ಅಂಟು ಕಡಿಮೆಯಾದರೆ ಬಣ್ಣ ಎಳ್ಳು ಚೆಲ್ಲಿದಂತೆ ಚುಕ್ಕಿಯಾಗುತ್ತದೆ, ಹೆಚ್ಚಾದರೆ ಹಲಗೆಗೆ ಕಾಗದ ಕಚ್ಚುತ್ತದೆ. ಮಳೆಗಾಲಕ್ಕೆ ನಾನು ಹಿಡಿದಿರುವ ಪ್ರಮಾಣ ಇನ್ನೂ ಪರೀಕ್ಷೆಯಲ್ಲಿದೆ, ಅದನ್ನು ಈಗ ಹೇಳುವುದಿಲ್ಲ.

ಬರೆನ್‌ಗೆ ಅಲ್ಲಿ ಬಿದಿರಿನ ಪೊರೆ ಸುತ್ತುತ್ತಾರೆ. ನಮ್ಮ ಬಿದಿರಿನ ಪೊರೆ ಗಿಡ್ಡ, ಮಡಚಿದರೆ ಸೀಳುತ್ತದೆ, ಅದರ ಸುಂಕು (ಸಣ್ಣ ರೋಮ) ಕೈಗೆ ಚುಚ್ಚುತ್ತದೆ. ಅಡಿಕೆ ಹಾಳೆಯನ್ನು ರಾತ್ರಿ ನೆನೆಸಿ, ಒಳಗಿನ ತೆಳು ಪದರ ಮೊಂಡ ಚಾಕುವಿನಿಂದ ಬಿಡಿಸಿ, ಬಿಲ್ಲೆಗೆ ಎಳೆದು ಸುತ್ತಿ ಹಿಂದೆ ತಿರುಚಿ ಕಟ್ಟಿದೆ. ತೆಂಗಿನೆಣ್ಣೆ ಒರೆಸಿದರೆ ಚೆನ್ನಾಗಿ ಜಾರುತ್ತದೆ. 15-20 ಪ್ರತಿಗೆ ಅಂಚು ಹರಿಯುತ್ತದೆ. ಅಗಲವಾದ ಬಣ್ಣಕ್ಕೆ ಸಾಲುತ್ತದೆ, ತೆಳು ಗೆರೆಗೆ ಆಗುವುದಿಲ್ಲ.

ಕುಂಚದ ಕೂದಲ ತುದಿ ಸೀಳಿ ಮೆದು ಮಾಡಲು ಅವರು ಶಾರ್ಕ್ ಚರ್ಮ ಬಳಸುತ್ತಾರೆ. ಅದು ಅಲ್ಲಿ ದುಬಾರಿ. ಕಾರವಾರದ ಮೀನು ಪೇಟೆಯಲ್ಲಿ ಮೋರಿಯ (ಶಾರ್ಕಿನ) ಚರ್ಮ ಸುಲಿದು ಕೊಡಿ ಎಂದರೆ ಪುಕ್ಕಟೆ ಸಿಗುತ್ತದೆ. ಒಳಬದಿಯ ಮಾಂಸ ಪೂರ್ತಿ ಕೆರೆದು, ಉಪ್ಪು ತಿಕ್ಕಿ, ಹಲಗೆಗೆ ಬಿಗಿಯಾಗಿ ಮೊಳೆ ಹೊಡೆದು ಐದು ದಿನ ಬಿಸಿಲು. ಮೊದಲನೆಯದರಲ್ಲಿ ಮಾಂಸ ಉಳಿದಿದ್ದರಿಂದ ಹುಳ ಬಿತ್ತು. ಎರಡನೆಯದು ಕಲ್ಲಿನಂತೆ ಒಣಗಿದೆ. ಕುಂಚದ ತುದಿಯನ್ನು ಬಿಸಿ ತವೆಗೆ ಲಘುವಾಗಿ ತಾಗಿಸಿ ಸುಟ್ಟು, ನೀರಲ್ಲಿ ಅದ್ದಿ, ಬಾಲದ ಕಡೆಯಿಂದ ತಲೆಯ ಕಡೆಗೆ ಎಳೆಯಬೇಕು. ಆ ದಿಕ್ಕಿನಲ್ಲಿ ಮಾತ್ರ ಚರ್ಮ ಗರಗರ ಹಿಡಿಯುತ್ತದೆ.