ಕರಕರ ಸದ್ದಿನೊಳಗಿನ ಗ್ರೀಗ್

41ನೇ ವಯಸ್ಸಿನಲ್ಲಿ ಪಿಯಾನೋ ಕಲಿಯಲು ಕೂತವನು ನಾನು. ಊರು ತೀರ್ಥಹಳ್ಳಿ ಕಡೆ, ಹೊಟ್ಟೆಪಾಡು ನಾರ್ವೆಯ ಬರ್ಗೆನ್‌ನಲ್ಲಿ. ವರ್ಷಕ್ಕೆ 200 ದಿನಕ್ಕಿಂತ ಜಾಸ್ತಿ ಮಳೆ ಬರುವ ಊರು ಇದು. ನಮಗೇನು ಮಳೆ ಹೊಸದಲ್ಲ. ಆದರೆ ಇಲ್ಲಿ ಜಗಲಿ ಇಲ್ಲ, ಹಲಸಿನ ಹಪ್ಪಳ ಇಲ್ಲ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲೆ. ಏನಾದರೂ ಮಾಡದಿದ್ದರೆ ತಲೆ ಕೆಡುತ್ತದೆ ಅಂತ ಒಂದು ಹಳೆಯ ಡಿಜಿಟಲ್ ಪಿಯಾನೋ ಹೊತ್ತು ತಂದೆ.

ಬರ್ಗೆನ್‌ನಲ್ಲಿ ಪಿಯಾನೋ ಅಂದ ಮೇಲೆ ಗ್ರೀಗ್ ತಪ್ಪಿದ್ದಲ್ಲ. ನಾರ್ವೆಯ ಹೆಸರಾಂತ ಸಂಗೀತ ರಚನಕಾರ ಎಡ್ವರ್ಡ್ ಗ್ರೀಗ್ ಹುಟ್ಟಿದ್ದು ಇಲ್ಲೇ, 1843ರಲ್ಲಿ. ತೀರಿಕೊಂಡದ್ದೂ ಇಲ್ಲೇ, 1907ರಲ್ಲಿ. ಅವನ ಮನೆ ಟ್ರೋಲ್‌ಹೌಗೆನ್ ಈಗ ಮ್ಯೂಸಿಯಂ. (ಏಕವಚನಕ್ಕೆ ಕ್ಷಮೆ ಇರಲಿ. ಇಷ್ಟು ದಿನ ಒಬ್ಬನ ಜೊತೆ ಹೆಣಗಿದ ಮೇಲೆ ಬಹುವಚನ ಬಾಯಿಗೆ ಬರುವುದಿಲ್ಲ.) ಟ್ರಾಮ್ ಇಳಿದು ಅರ್ಧ ಗಂಟೆ ನಡೆದರೆ ಸಿಗುತ್ತದೆ. ಮನೆಯ ಕೆಳಗೆ, ಸರೋವರದ ದಂಡೆಯಲ್ಲಿ, ಅವನು ಒಬ್ಬನೇ ಕೂತು ಬರೆಯುತ್ತಿದ್ದ ಚಿಕ್ಕ ಗುಡಿಸಲಿದೆ. ಒಳಗೆ ಪಿಯಾನೋ, ಮೇಜು, ಮಂಚ. ಗ್ರೀಗ್ ತುಂಬಾ ಕುಳ್ಳ, ಐದಡಿಯ ಆಳು, ಹಾಗಾಗಿ ಕುರ್ಚಿಯ ಮೇಲೆ ಬೀಥೋವನ್‌ನ ಸೊನಾಟಾ ಅನ್ನುವ ಕೃತಿಗಳ ದಪ್ಪ ನೊಟೇಷನ್ ಪುಸ್ತಕ ಇಟ್ಟು ಅದರ ಮೇಲೆ ಕೂರುತ್ತಿದ್ದನಂತೆ. ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಮನೆಯಿಂದ ಬಂದ ನನಗೆ ಅದನ್ನು ಕೇಳಿ ಸ್ವಲ್ಪ ಕಸಿವಿಸಿಯೇ ಆಯಿತು.

ಕಲಿಕೆಯ ಐದನೇ ವರ್ಷ ಗ್ರೀಗ್‌ನ 'ಟ್ರೋಲ್‌ಹೌಗೆನ್‌ನಲ್ಲಿ ಮದುವೆಯ ದಿನ' ಅನ್ನುವ ತುಣುಕನ್ನು ನುಡಿಸಲೇಬೇಕು ಅಂತ ಹಟ ಹಿಡಿದೆ. ನನ್ನ ಟೀಚರ್ 70 ದಾಟಿದ ನಾರ್ವೇಜಿಯನ್ ಹೆಂಗಸು. ಮೇಡಂ ಅಂದರೆ ನಗುತ್ತಾರೆ, ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳುವುದಿಲ್ಲ, ಹೀಗಾಗಿ ಐದು ವರ್ಷದಿಂದ ಅವರನ್ನು ಏನೂ ಕರೆಯದೆ ಕಾಲ ತಳ್ಳಿದ್ದೇನೆ. "ನಿನಗೆ ಇದು ಕಷ್ಟ" ಅಂದರು. ಆಮೇಲೆ, "ಸರಿ, ಆದರೆ ಗ್ರೀಗ್ ನುಡಿಸಿದ್ದನ್ನು ಕೇಳಿಕೊಂಡು ಬಾ" ಅಂದರು.

ಗ್ರೀಗ್ ನುಡಿಸಿದ್ದೇ? ನನಗೆ ಗೊತ್ತೇ ಇರಲಿಲ್ಲ. 1903ರ ಮೇ 2ರಂದು, ಪ್ಯಾರಿಸ್‌ನಲ್ಲಿ, ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಗೆ ಅವನು ಒಂಬತ್ತು ತುಣುಕು ನುಡಿಸಿದ್ದಾನೆ. ಆರು ತಿಂಗಳ ಹಿಂದೆ, 1902ರ ನವೆಂಬರ್‌ನಲ್ಲಿ, ಇದೇ ಕಂಪನಿ ಕಲ್ಕತ್ತಾದಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಿತ್ತು. ಅದೇ ಗೌಹರ್ ಜಾನ್, ಕೊನೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ಕಣ್ಣು ಮುಚ್ಚಿದವರು. ಎಲ್ಲಿಯ ಬರ್ಗೆನ್, ಎಲ್ಲಿಯ ಮೈಸೂರು! ಇಬ್ಬರೂ ಸದ್ದು ಹಿಡಿಯುವ ಒಂದೇ ಥರದ ತುತ್ತೂರಿಯ ಮುಂದೆ ಕೂತಿದ್ದರು.

ಆಗ ಮೈಕ್ ಇಲ್ಲ, ಕರೆಂಟಿನ ಕೆಲಸವೇ ಇಲ್ಲ. ಪಿಯಾನೋದ ಸದ್ದು ತುತ್ತೂರಿಯೊಳಗೆ ಹೋಗಿ, ಅದರ ತುದಿಯ ತೆಳು ಪೊರೆಯನ್ನು ನಡುಗಿಸಿ, ಆ ನಡುಕದಿಂದ ಸೂಜಿ ಮೇಣದ ತಟ್ಟೆಯ ಮೇಲೆ ಗೀರು ಕೊರೆಯಬೇಕು. ಕೊರೆದ ಮೇಣವನ್ನು ನುಡಿಸಿ ನೋಡಿದರೆ ಗೀರು ಹಾಳಾಗುತ್ತದೆ, ಹಾಗಾಗಿ ಹೇಗೆ ಬಂತು ಅಂತ ಅಲ್ಲೇ ಕೇಳುವ ಹಾಗೂ ಇಲ್ಲ. ತಪ್ಪಿದರೆ ಮೊದಲಿಂದ. ಒಂದು ತಟ್ಟೆಯಲ್ಲಿ ಸುಮಾರು ಮೂರು ನಿಮಿಷ ಹಿಡಿಸುತ್ತದೆ. 'ಮದುವೆಯ ದಿನ' ಪೂರ್ತಿ ನುಡಿಸಿದರೆ ಆರು ನಿಮಿಷ. ಗ್ರೀಗ್ ತನ್ನ ಕೃತಿಯನ್ನು ತಾನೇ ಕತ್ತರಿಸಿ ನುಡಿಸಿದ.

ಅಂತರ್ಜಾಲದಲ್ಲಿ ಯಾರೋ ಹಾಕಿದ್ದ ಫೈಲು ಸಿಕ್ಕಿತು. ಮೊದಲ ಸಲ ಕೇಳಿದಾಗ ಬಾಣಲೆಗೆ ಒಗ್ಗರಣೆ ಹಾಕಿ ಪಕ್ಕದ ಮನೆಯಲ್ಲಿ ಪಿಯಾನೋ ಬಾರಿಸಿದ ಹಾಗಿತ್ತು. ಮಂದ್ರದ ಸ್ವರಗಳು ಹೆಚ್ಚು ಕಡಿಮೆ ಮಾಯ. ಉದ್ದ ಸ್ವರಗಳು ಬಿಸಿಲುಗುದುರೆ ಥರ ತೂಗಾಡುತ್ತವೆ. ಇದನ್ನು ಕೇಳಿ ಏನು ಕಲಿಯುವುದು? ಆದರೆ ಒಂದು ಮಾತ್ರ ಎದ್ದು ಕಾಣುತ್ತಿತ್ತು: ವೇಗ. ಅಬ್ಬಾ, ಆ ಓಟ!

ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಆ ವೇಗ ಹಿಡಿಯಲು ಎರಡು ತಿಂಗಳು ಗುದ್ದಾಡಿದೆ. ಬಲಗೈ ಮಣಿಕಟ್ಟು ಊದಿಕೊಂಡಿತು, ಹೆಂಡತಿ ನೋವಿನ ಎಣ್ಣೆ ಹಚ್ಚಿ ಬೈದಳು. ಒಂದು ದಿನ ಸುಮ್ನೆ ಫೈಲಿನ ಜೊತೆಗೇ ಒಂದು ಸ್ವರ ಒತ್ತಿ ನೋಡಿದರೆ ಹೊಂದುವುದೇ ಇಲ್ಲ! ಕೃತಿ ಇರುವುದು ಡಿ ಮೇಜರ್‌ನಲ್ಲಿ, ಅಂದರೆ ಡಿ ಸ್ವರವೇ ಅದರ ಷಡ್ಜ. ಫೈಲಿನಲ್ಲಿ ಕೇಳುತ್ತಿದ್ದದ್ದು ಹತ್ತಿರ ಹತ್ತಿರ ಇ ಫ್ಲ್ಯಾಟ್, ಅದರ ಮೇಲಿನ ಸ್ವರ. ಅಂದರೆ ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿ ಫೈಲು ಮಾಡಿದ್ದಾರೆ. ಆ ಕಾಲದ ತಟ್ಟೆಗಳೆಲ್ಲ ಸರಿಯಾಗಿ ನಿಮಿಷಕ್ಕೆ 78 ಸುತ್ತಿಗೇ ಮುದ್ರಣವಾದವಲ್ಲ. ನಿಮಿಷಕ್ಕೆ ನಾಲ್ಕೂವರೆ ಸುತ್ತು ಜಾಸ್ತಿಯಾದರೆ ಶ್ರುತಿ ಅರ್ಧ ಮನೆ ಮೇಲೇರುತ್ತದೆ, ಲಯವೂ ಶೇಕಡಾ 6ರಷ್ಟು ಓಡುತ್ತದೆ. ಇದು ಗೊತ್ತಾದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ಶ್ರುತಿ, ಲಯ ಎರಡನ್ನೂ ಒಟ್ಟಿಗೆ ಇಳಿಸುವ ಸೌಕರ್ಯವಿದೆ. ಲಯ ಒಂದನ್ನೇ ಬದಲಿಸುವುದು ಬೇರೆ, ಅದನ್ನು ಬಳಸಬೇಡಿ. ಫ್ರಾನ್ಸಿನಲ್ಲಿ 1859ರಿಂದಲೇ ಎ ಸ್ವರವನ್ನು 435 ಹರ್ಟ್ಸ್‌ಗೆ ಗೊತ್ತುಮಾಡಿದ್ದರು, ಇವತ್ತಿನ 440 ಅಲ್ಲ. ಹಾಗಾಗಿ ನನ್ನ ಡಿಜಿಟಲ್ ಪಿಯಾನೋವನ್ನೂ 435ಕ್ಕೆ ಇಳಿಸಿಕೊಂಡು, ಡಿ ಸ್ವರ ಒತ್ತಿ ಹಿಡಿದು, ಎರಡೂ ಒಂದಾಗುವ ತನಕ ಫೈಲನ್ನು ಚೂರು ಚೂರೇ ಇಳಿಸಿದೆ. ತಂಬೂರಿ ಶ್ರುತಿ ಮಾಡಿದ ಹಾಗೇ. ಆಮೇಲೆ ಕೇಳಿದರೆ ಗ್ರೀಗ್ ಈಗಲೂ ಓಡುತ್ತಲೇ ಇದ್ದಾನೆ! ಯಂತ್ರದ ಪಾಲು ಕಳೆದ ಮೇಲೂ ಉಳಿದ ಓಟ ಅವನದ್ದೇ. ಆಗ ಅವನಿಗೆ 59 ವರ್ಷ. ಹದಿಹರೆಯದ ಕಾಯಿಲೆಯಲ್ಲೇ ಎಡ ಶ್ವಾಸಕೋಶ ಕೆಲಸಕ್ಕೆ ಬಾರದ ಹಾಗಾಗಿತ್ತು. ಅದೂ ಅಲ್ಲದೆ ಎರಡು ವಾರದ ಹಿಂದಷ್ಟೇ ಪ್ಯಾರಿಸ್‌ನ ಶಾಟ್ಲೆ ಥಿಯೇಟರಿನಲ್ಲಿ ಧಿಕ್ಕಾರದ ಸೀಟಿ ಹೊಡೆಸಿಕೊಂಡಿದ್ದ. ದೇಶದ್ರೋಹದ ಸುಳ್ಳು ಆರೋಪದಲ್ಲಿ ಶಿಕ್ಷೆ ಅನುಭವಿಸಿದ ಫ್ರಾನ್ಸಿನ ಯಹೂದಿ ಸೇನಾಧಿಕಾರಿ ಡ್ರೇಫಸ್‌ಗೆ ಆದ ಅನ್ಯಾಯ ಸಹಿಸಲಾರದೆ 1899ರಲ್ಲಿ "ನಿಮ್ಮ ದೇಶಕ್ಕೆ ಬರುವುದಿಲ್ಲ" ಎಂದು ಬರೆದಿದ್ದನಲ್ಲ, ಆ ಸಿಟ್ಟು ಅಲ್ಲಿಯ ಕೆಲವರಲ್ಲಿ ಇನ್ನೂ ಇತ್ತು.

ಆಮೇಲೆ ನಾನು ಮಾಡಿದ್ದು ಇಷ್ಟು. ನಾಲ್ಕು ನಾಲ್ಕು ಬಾರ್ (ನಮ್ಮ ಆವರ್ತದ ಹಾಗೆ) ತುಂಡು ಮಾಡಿಕೊಂಡು ಮತ್ತೆ ಮತ್ತೆ ಕೇಳಿದೆ. ನೊಟೇಷನ್ನಿನ ಜೆರಾಕ್ಸ್ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಬಾಣ ಹಾಕಿದೆ, ಮುಂದೆ ನುಗ್ಗಿದರೆ ಬಲಕ್ಕೆ, ಹಿಂದೆ ಜಗ್ಗಿದರೆ ಎಡಕ್ಕೆ. ನಾವು ಭಾವ ಬರಲಿ ಅಂತ ನಿಧಾನ ಮಾಡುವ ಕಡೆಯಲ್ಲೆಲ್ಲ ಅವನು ನುಗ್ಗುತ್ತಾನೆ. ಎಡಗೈ ಕೆಲವು ಕಡೆ ಬಲಗೈಗಿಂತ ಕೂದಲೆಳೆಯಷ್ಟು ಮೊದಲೇ ಬೀಳುತ್ತದೆ. ಇದನ್ನೇ ನಾನು ಮಾಡಿದ್ದರೆ ಟೀಚರ್ ಮೊದಲ ವರ್ಷವೇ ಕೈಗೆ ಹೊಡೆಯುತ್ತಿದ್ದರು, ಅಲ್ವಾ?

ನಿಜವಾಗಿ ಕಣ್ಣು ತೆರೆಸಿದ್ದು ಮಾತ್ರ ಬೇರೆ ಒಂದು ಹುಚ್ಚಾಟ. ನನ್ನ ನುಡಿಸಾಣಿಕೆಯನ್ನು ಫೋನಿನಲ್ಲಿ ಮುದ್ರಿಸಿ, ಅದಕ್ಕೂ ತುತ್ತೂರಿಯ ಗತಿ ಕಾಣಿಸಿದೆ. 200 ಹರ್ಟ್ಸ್‌ಗಿಂತ ಕೆಳಗಿನದ್ದು, 2000ಕ್ಕಿಂತ ಮೇಲಿನದ್ದು ಎಲ್ಲ ಕತ್ತರಿಸಿ, ಮೇಲೆ ಒಂದಿಷ್ಟು ಕರಕರ ಸುರಿದೆ. ಅಲ್ಲಿಯತನಕ ನನ್ನ ನುಡಿಸಾಣಿಕೆ ಪರವಾಗಿಲ್ಲ ಅಂದುಕೊಂಡಿದ್ದೆ. ಈಗ ಪೆಡಲಿನ ಗುಂಯ್ ಅನ್ನುವ ಮರೆ ಇಲ್ಲ, ಡಿಜಿಟಲ್ ಪಿಯಾನೋದೊಳಗೆ ಮುದ್ರಿಸಿಟ್ಟ ಒಳ್ಳೆಯ ಸ್ವರಗಳ ಇಂಪಿಲ್ಲ. ಉಳಿದದ್ದು ಬರೀ ಕಾಲ, ಯಾವ ಸ್ವರ ಯಾವಾಗ ಬಿತ್ತು ಅನ್ನುವುದಷ್ಟೇ. ಗ್ರೀಗ್‌ನದ್ದು ಅಷ್ಟು ಕರಕರದಲ್ಲೂ ಕುಣಿಯುತ್ತದೆ. ನನ್ನದು ನೆನೆದ ಅವಲಕ್ಕಿ. ಹಳೆಯ ರೆಕಾರ್ಡ್ ಕೇಳಲು ಆಗಲ್ಲ ಅನ್ನುವವರಿಗೆ ನಾನು ಹೇಳುವುದು ಇದನ್ನೇ: ಸದ್ದು ಹೋದದ್ದೇ ಒಳ್ಳೆಯದಾಯಿತು, ಲಯ ಬೆತ್ತಲೆಯಾಗಿ ಸಿಕ್ಕಿತು.

1906ರಲ್ಲಿ ಲೈಪ್ಜಿಗ್‌ನಲ್ಲಿ ಅವನು ಪಿಯಾನೋವನ್ನು ತಾನಾಗಿಯೇ ನುಡಿಯುವಂತೆ ಮಾಡುವ ವೆಲ್ಟೆ-ಮಿನ್ಯಾನ್ ಅನ್ನುವ ರಂಧ್ರದ ಕಾಗದದ ಸುರುಳಿಗಳಿಗೂ ನುಡಿಸಿದ್ದಾನೆ. ಅವನ್ನು ಓದುವ ಯಂತ್ರ ಜೋಡಿಸಿ ಇವತ್ತಿನ ಪಿಯಾನೋದಲ್ಲಿ ನುಡಿಸಿದರೆ ಒಂದು ಚೂರೂ ಗಲಾಟೆ ಇಲ್ಲ. ಆದರೂ ನನಗೆ ಹಿಡಿಸಲಿಲ್ಲ. ಊಟದ ಫೋಟೋ ತಿಂದ ಹಾಗೆ.

ಇನ್ನು ಆ ಮದುವೆಯ ಕಥೆ. ಈ ತುಣುಕು ಹುಟ್ಟಿದ್ದು ಮದುವೆಗಲ್ಲ, 1896ರಲ್ಲಿ ಒಬ್ಬ ಗೆಳತಿಯ 50ನೇ ಹುಟ್ಟುಹಬ್ಬಕ್ಕೆ. 'ಶುಭ ಕೋರುವವರು ಬರುತ್ತಿದ್ದಾರೆ' ಅಂತ ಮೊದಲ ಹೆಸರು. ಅಚ್ಚಿಗೆ ಹೋಗುವಾಗ ಮದುವೆಯ ಹೆಸರು ಬಂತು. ಗ್ರೀಗ್ ಮತ್ತು ನೀನಾ ತಮ್ಮ ಮದುವೆಯ 25ನೇ ವರ್ಷವನ್ನು 1892ರಲ್ಲಿ ಟ್ರೋಲ್‌ಹೌಗೆನ್‌ನಲ್ಲೇ ಆಚರಿಸಿದ್ದರು. ಶುರುವಿನಲ್ಲಿ ಎಡಗೈ ಡಿ ಮತ್ತು ಎ, ಈ ಎರಡೇ ಸ್ವರ ಹಿಡಿದು ಕುಟ್ಟುತ್ತದೆ. ನಮ್ಮ ಸ-ಪ ತಾನೇ? ಇಲ್ಲಿಯ ಜನಪದ ಪಿಟೀಲು ಹಾರ್ಡಂಗರ್ ಫಿಡಲ್‌ನಲ್ಲಿ ಮೇಲಿನ ತಂತಿಗಳ ಕೆಳಗೆ ಇನ್ನೊಂದು ಸಾಲು ತಂತಿ ತಾವಾಗಿಯೇ ಮೊಳಗುತ್ತಿರುತ್ತವೆ. ಗ್ರೀಗ್‌ನ ಕಿವಿಯಲ್ಲಿ ಇದ್ದದ್ದು ಆ ಊರ ವಾದ್ಯದ ಸದ್ದು. ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. "ದಿಬ್ಬಣ ಬರುವಾಗ ವಾಲಗ ದೂರದಿಂದ ಕೇಳಿಸುತ್ತದಲ್ಲ, ಹಾಗಿದೆ ಕಣೋ" ಅಂದರು. ನಾನು ಅವರಿಗೆ ಮದುವೆ ಅಂತ ಹೇಳಿರಲೇ ಇಲ್ಲ.

ಜೂನ್‌ನಲ್ಲಿ ಟೀಚರ್ ಮನೆಯಲ್ಲಿ ಶಿಷ್ಯರ ಸಂಜೆ. ಗ್ರೀಗ್ ಕಛೇರಿಗೆ ಮುಂಚೆ ಜೇಬಿನಲ್ಲಿದ್ದ ಪುಟ್ಟ ಕಪ್ಪೆ ಬೊಂಬೆಯನ್ನು ಸವರಿಕೊಳ್ಳುತ್ತಿದ್ದನಂತೆ. ನನ್ನ ಜೇಬಿನಲ್ಲಿ ಟ್ರಾಮ್ ಕಾರ್ಡ್ ಬಿಟ್ಟು ಏನೂ ಇರಲಿಲ್ಲ. ಶುರು ಚೆನ್ನಾಗಿಯೇ ಹೋಯಿತು, ಬಲದ ಬಾಣಗಳಲ್ಲಿ ನುಗ್ಗಿದೆ, ಎಡದಲ್ಲಿ ಜಗ್ಗಿದೆ. ನಡುವಿನ ಮೆಲ್ಲಗಿನ ಭಾಗ ಬರಬೇಕು, ತಲೆ ಖಾಲಿ. ಕೈ ತನ್ನಷ್ಟಕ್ಕೆ ಕೊನೆಯ ಭಾಗಕ್ಕೆ ಹಾರಿತು. ಡಬಡಬ ಮುಗಿಸಿ ಎದ್ದೆ. ಮುಖ ಕೆಂಪಗಾಗಿತ್ತು. ಟೀಚರ್ ಗಡಿಯಾರ ನೋಡಿದರು.

"ಮೂರು ನಿಮಿಷ. ತಟ್ಟೆಯಲ್ಲಿ ಹಿಡಿಸುತ್ತೆ, ಕೂತ್ಕೋ" ಅಂದರು.