ಬೋರ್ಡ್ ಬದಲಿಸುವುದು ಕೊನೆಗಿರಲಿ: ಹಳೇ ಫಿಲ್ಮ್ ಸ್ಕ್ಯಾನರ್ ರಿಪೇರಿ

ನೆಗೆಟಿವ್‌ಗಳನ್ನು ಡಿಜಿಟಲ್ ಫೋಟೋ ಮಾಡುವ ನನ್ನ ಫಿಲ್ಮ್ ಸ್ಕ್ಯಾನರ್‌ಗೆ ಒಂದು ಸಲ ವಿಚಿತ್ರ ಚಾಳಿ ಹತ್ತಿತ್ತು. ಬೆಳಗ್ಗೆ ಆನ್ ಮಾಡಿದರೆ ಮೋಟಾರ್ ಗುರ್ ಎಂದು ಎರರ್ ತೋರಿಸಿ ನಿಂತುಬಿಡುತ್ತಿತ್ತು. ನಾಲ್ಕೈದು ಸಲ ಆಫ್ ಮಾಡಿ ಆನ್ ಮಾಡಿದರೆ, ಏನೂ ಆಗಿಲ್ಲವೇನೋ ಅನ್ನುವ ಹಾಗೆ ಕೆಲಸಕ್ಕಿಳಿಯುತ್ತಿತ್ತು. ಬರಬರುತ್ತಾ ನಾಲ್ಕೈದು ಸಲ ಹೋಗಿ ಅರ್ಧ ಗಂಟೆಯ ಸರ್ಕಸ್ ಆಯಿತು. ನೋಡಿದವರೆಲ್ಲ "ಕಂಟ್ರೋಲ್ ಬೋರ್ಡ್ ಹೋಗಿದೆ, ಬೇರೆ ಹಾಕಿ" ಎಂದರು. ಹಾಕಿದೆ. ನಾನು ಮಾಡಿದ ದೊಡ್ಡ ತಪ್ಪೇ ಅದು.

ಕೆಟ್ಟು ಮೂಲೆ ಸೇರಿದ್ದ ಇನ್ನೊಂದು ಸ್ಕ್ಯಾನರ್‌ನಿಂದ ಬಿಚ್ಚಿದ ಬೋರ್ಡ್. ಅದೇ ಮಾಡೆಲ್, ಅದೇ ಪಾರ್ಟ್ ನಂಬರ್. ಮೆಷಿನ್ ಮೊದಲ ಸಲಕ್ಕೇ ಎದ್ದಿತು. ಆದರೆ ಸ್ಕ್ಯಾನ್ ಆದ ಪ್ರತಿ ಫ್ರೇಮೂ ಒಂದು ಪಕ್ಕಕ್ಕೆ ಜರುಗಿತ್ತು. ಅಂಚಿನಲ್ಲಿ ಫಿಲ್ಮಿನ ತೂತುಗಳು ಇಣುಕುತ್ತಿದ್ದವು. ಫೋಕಸ್ಸೂ ಮಂಕು. ಕಾರಣ ಸರಳ. ಫ್ಯಾಕ್ಟರಿಯಲ್ಲಿ ಆ ಒಂದು ಮೆಷಿನ್‌ಗೆಂದೇ ಹೊಂದಿಸಿದ ಲೆನ್ಸ್‌ನ ಜಾಗ, ಫ್ರೇಮಿನ ಜಾಗ ಎಲ್ಲ ಬೋರ್ಡ್ ಮೇಲಿನ ಪುಟ್ಟ ಮೆಮೊರಿ ಚಿಪ್‌ನಲ್ಲಿತ್ತು. ಬೇರೆ ಬೋರ್ಡ್ ಹಾಕಿದರೆ ಬೇರೆ ಮೆಷಿನ್‌ನ ನೆನಪೇ ಬರುತ್ತೆ, ಅಲ್ವಾ?

ಫ್ಯೂಜಿ ಫ್ರಾಂಟಿಯರ್ ಎಸ್‌ಪಿ-3000, ನೊರಿಟ್ಸು ಎಚ್‌ಎಸ್-1800, ಪೇಕಾನ್ ಎಫ್-135, ಹೀಗೆ ಲ್ಯಾಬ್‌ಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಸ್ಕ್ಯಾನರ್‌ಗಳಿಗೆಲ್ಲ ವಯಸ್ಸಾಗಿದೆ. ಒಂದೊಂದರ ಬೋರ್ಡೂ ಬೇರೆ. ಆದರೆ ಹುಡುಕುವ ಕ್ರಮ ಒಂದೇ. ನಾನೀಗ ಅನುಸರಿಸುವ ಕ್ರಮ ಹೀಗಿದೆ.

ಮೊದಲು ಪ್ಲಗ್ ಕಿತ್ತು ಕಾಯಿರಿ. ಪವರ್ ಸಪ್ಲೈ ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ (ಕರೆಂಟ್ ಕೂಡಿಟ್ಟುಕೊಳ್ಳುವ ಡಬ್ಬಿ) ಪ್ಲಗ್ ತೆಗೆದ ಮೇಲೂ 300 ವೋಲ್ಟ್ ಆಚೀಚೆ ಉಳಿದಿರಬಹುದು. ಮುಟ್ಟುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿ. ಮೈಯ ಸ್ಥಿರ ವಿದ್ಯುತ್ ಚಿಪ್‌ಗಳಿಗೆ ತಾಗದಂತೆ ಕೈಗೆ ಆ್ಯಂಟಿಸ್ಟಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಯಾವ ಕೇಬಲ್ ಎಲ್ಲಿಗೆ, ಬೋರ್ಡ್ ಮೇಲಿನ ಪುಟಾಣಿ ಡಿಪ್ ಸ್ವಿಚ್‌ಗಳು ಯಾವ ಕಡೆಗೆ ಎಂಬುದರ ಫೋಟೋ ತೆಗೆದಿಡಿ. ನೆನಪಿರುತ್ತೆ ಬಿಡಿ ಅಂದುಕೊಳ್ಳಬೇಡಿ, ಇರಲ್ಲ.

ಮುಂದೆ ಕನೆಕ್ಟರ್‌ಗಳು. ಸಾಕಷ್ಟು ತಕರಾರು ಇಲ್ಲೇ ಮುಗಿಯುತ್ತದೆ. ಒಂದೊಂದೇ ಕೇಬಲ್ ಬಿಚ್ಚಿ, 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿದ ಮೇಲೆ ಮತ್ತೆ ಸಿಕ್ಕಿಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರಿದ್ದಾರೆ. ನನಗೆ ಅದು ಸರಿಬರಲ್ಲ, ಮೇಲಿನ ಚಿನ್ನದ ಲೇಪ ಸವೆಯುತ್ತದೆ. ಚಪ್ಪಟೆ ರಿಬ್ಬನ್ ಕೇಬಲ್ ಹಿಡಿದಿರುವ ಪ್ಲಾಸ್ಟಿಕ್ ಚಿಲಕ ಇಷ್ಟು ವರ್ಷಕ್ಕೆ ಹಪ್ಪಳದಂತಾಗಿರುತ್ತದೆ. ಉಗುರಿನಲ್ಲಿ ಎರಡೂ ತುದಿಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ.

ಸೆನ್ಸರ್‌ಗಳನ್ನೂ ಬಿಡಬೇಡಿ. ಫಿಲ್ಮ್ ಬಂತೋ ಇಲ್ಲವೋ, ಫಿಲ್ಮ್ ಹಿಡಿದಿರುವ ಕ್ಯಾರಿಯರ್ ತುದಿ ಮುಟ್ಟಿತೋ ಇಲ್ಲವೋ ಎಂದು ಹೇಳುವುದು ಯು ಆಕಾರದ ಪುಟ್ಟ ಸೆನ್ಸರ್. ಅದರೊಳಗೆ ಧೂಳು ಕೂತರೂ ಸ್ಕ್ರೀನ್ ಮೇಲೆ ಬರುವುದು ಮೋಟಾರ್ ಎರರ್ರೇ. ಮೆಷಿನ್ ಆನ್ ಮಾಡಿ, ಅದರ ಔಟ್‌ಪುಟ್ ಕಾಲಿಗೆ ಮೀಟರ್ ಹಿಡಿದು, ಸಂದಿಯಲ್ಲಿ ದಪ್ಪ ಕಪ್ಪು ಕಾಗದ ತೂರಿಸಿ. ವೋಲ್ಟೇಜ್ ಸೊನ್ನೆಯ ಹತ್ತಿರದಿಂದ 5ರ ಹತ್ತಿರಕ್ಕೆ, ಇಲ್ಲವೇ ಉಲ್ಟಾ, ಚಂಗನೆ ಹಾರಬೇಕು. 2 ವೋಲ್ಟ್ ಹತ್ತಿರ ತಡವರಿಸುತ್ತಿದ್ದರೆ ಬೋರ್ಡನ್ನು ಬೈಯಬೇಡಿ, ಆಫ್ ಮಾಡಿ ಸೆನ್ಸರ್ ಒರೆಸಿ. ಸೆನ್ಸರ್ ಒಳಗಿನ ಎಲ್‌ಇಡಿ ಉರಿಯುತ್ತಿದೆಯಾ ಅನ್ನುವ ಅನುಮಾನವಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಇನ್ಫ್ರಾರೆಡ್ ಬೆಳಕು ಕಣ್ಣಿಗೆ ಕಾಣಲ್ಲ, ಬಹಳಷ್ಟು ಫೋನ್‌ಗಳ ಸೆಲ್ಫಿ ಕ್ಯಾಮೆರಾಗೆ ನೇರಳೆ ಚುಕ್ಕೆಯಾಗಿ ಕಾಣುತ್ತದೆ.

ಈಗ ವೋಲ್ಟೇಜ್. ಚಿಪ್‌ಗಳಿಗೆ ಸಾಮಾನ್ಯವಾಗಿ 5 ಮತ್ತು 3.3 ವೋಲ್ಟ್, ಮೋಟಾರ್‌ಗೆ 12 ಅಥವಾ 24. ಸುಮ್ನೆ ನಿಂತಾಗ ಅಲ್ಲ, ಮೋಟಾರ್ ತಿರುಗುವಾಗ ಅಳೆಯಿರಿ. 5 ವೋಲ್ಟ್ ಲೈನ್ 4.75ಕ್ಕಿಂತ ಕೆಳಗಿಳಿದರೆ ಮೊದಲು ಪವರ್ ಸಪ್ಲೈ ಕಡೆ ನೋಡಿ. ಮೀಟರ್‌ನ ಪ್ರೋಬ್‌ಗೆ ತುದಿಯಲ್ಲಿ ಎರಡು ಮಿಲಿಮೀಟರ್ ಬಿಟ್ಟು ಸ್ಲೀವ್ ಹಾಕಿಕೊಳ್ಳಿ. ಪ್ರೋಬ್ ಜಾರಿ 24 ವೋಲ್ಟ್ ಪಕ್ಕದ ಕಾಲಿಗೆ ತಗುಲಿದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನನ್ನ ಮೆಷಿನ್‌ನಲ್ಲಿ ಸಪ್ಲೈಯಿಂದ 5.04 ವೋಲ್ಟ್ ಅಲುಗಾಡದೆ ಬರುತ್ತಿತ್ತು. ಬೋರ್ಡ್ ಮೇಲೆ ವೋಲ್ಟೇಜನ್ನು 3.3ಕ್ಕೆ ಇಳಿಸಿ ಕೊಡುವ ರೆಗ್ಯುಲೇಟರ್ ಹತ್ತಿರ ಮೀಟರನ್ನು ಎಸಿಗೆ ತಿರುಗಿಸಿ ಹಿಡಿದಾಗ 180 ಮಿಲಿವೋಲ್ಟ್ ತೋರಿಸಿತು. ಡಿಸಿ ಲೈನಿನಲ್ಲಿ ಅಷ್ಟು ಅಲೆ ಇರಬಾರದು. ಅಲ್ಲಿಗೆ ಕಳ್ಳ ಸಿಕ್ಕಿದ. ರೆಗ್ಯುಲೇಟರ್ ಪಕ್ಕದ ಬೆಳ್ಳಿ ಡಬ್ಬಿಗಳು, ಅಂದರೆ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ಗಳು. ಇವುಗಳೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ ಅಥವಾ ಸೋರುತ್ತದೆ. ಬಿಸಿ 10 ಡಿಗ್ರಿ ಹೆಚ್ಚಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ಒಣಗಿದ್ದು ತಣ್ಣಗಿದ್ದಾಗ ಜಾಸ್ತಿ ಸತಾಯಿಸುತ್ತದೆ, ಬೆಚ್ಚಗಾದ ಮೇಲೆ ಸ್ವಲ್ಪ ಸುಧಾರಿಸುತ್ತದೆ. ನನ್ನ ಬೆಳಗಿನ ಸರ್ಕಸ್‌ಗೆ ಅದೇ ಕಾರಣ.

ಆದರೆ ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಬಿಸಿ ಮಾಡುವ ಮುಂಚೆ, ಮತ್ತೆ ಪ್ಲಗ್ ಕಿತ್ತು, ಮೆಮೊರಿ ಚಿಪ್ ಕಾಪಿ ಮಾಡಿಕೊಳ್ಳಿ. ಎಂಟು ಕಾಲಿನ, ಮೈಮೇಲೆ 24ಸಿ ಅಥವಾ 93ಸಿ ಎಂದು ಬರೆದಿರುವ ಚಿಪ್ ಹುಡುಕಿ. ಸಿಎಚ್341ಎ ಥರದ ಚಿಕ್ಕ ಪ್ರೋಗ್ರಾಮರ್‌ಗಳು, ಅಂದರೆ ಚಿಪ್ ಓದಿ ಬರೆಯುವ ಸಾಧನಗಳು, 24ಸಿ ಓದುತ್ತವೆ. 93ಸಿಗೆ ಅದನ್ನು ಓದಬಲ್ಲ ಪ್ರೋಗ್ರಾಮರ್ ಬೇಕು, 8 ಬಿಟ್ಟೋ 16 ಬಿಟ್ಟೋ ಎಂಬುದನ್ನೂ ಸರಿಯಾಗಿ ಆರಿಸಬೇಕು. ಬೋರ್ಡ್ ಮೇಲೇ ಕ್ಲಿಪ್ ಹಾಕಿ ಓದಿದರೆ ಕರೆಂಟ್ ಉಳಿದ ಚಿಪ್‌ಗಳಿಗೂ ಹರಿದು ಗೊಂದಲವಾಗಬಹುದು. ಮೂರು ಸಲ ಓದಿ, ಮೂರೂ ಫೈಲ್ ಒಂದೇ ಇದ್ದರೆ ಮಾತ್ರ ನಂಬಿ. ಬೋರ್ಡ್ ಮೇಲೆ ನಾಣ್ಯದಂಥ ಬ್ಯಾಟರಿ ಇದ್ದರೆ ಹಾಗೇ ಕಿತ್ತುಹಾಕಬೇಡಿ. ಕೆಲವು ಬೋರ್ಡ್‌ಗಳ ಸೆಟ್ಟಿಂಗ್ ಬ್ಯಾಟರಿ ಇರುವವರೆಗಷ್ಟೇ ಉಳಿಯುತ್ತದೆ. ಸರ್ವಿಸ್ ಮೆನುವಿನ ಅಂಕಿಗಳನ್ನೆಲ್ಲ ಮೊದಲು ಬರೆದುಕೊಳ್ಳಿ.

ಕೆಪ್ಯಾಸಿಟರ್ ಸೋರಿದ್ದರೆ ಅದರ ಬುಡದ ಬೆಸುಗೆ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಕಡ್ಡಿ ತಾಗಿಸಿದರೆ ಹಳಸಿದ ಮೀನಿನ ವಾಸನೆ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯಲ್ಲ. ಕಿಟಕಿ ತೆರೆದಿಡಿ. ಎರಡೂ ಕಾಲಿಗೆ ಸೀಸವಿರುವ ಹೊಸ ಸೋಲ್ಡರ್ ತುಂಬಾ ಹಾಕಿ, ಎರಡು ಕಡ್ಡಿಯಿಂದ ಒಟ್ಟಿಗೆ ಬಿಸಿ ಮಾಡಿ. ಡಬ್ಬಿ ತಾನೇ ತೇಲುತ್ತದೆ. ಇಕ್ಕಳದಲ್ಲಿ ತಿರುಚಿ ಕೀಳುವುದೂ ಒಂದು ವಿಧಾನ. ಸೋರಿ ಸಡಿಲವಾದ ಪ್ಯಾಡ್ (ಕಾಲು ಕೂರುವ ತಾಮ್ರದ ಬಿಲ್ಲೆ) ಜೊತೆಗೇ ಎದ್ದು ಬರುವ ಭಯದಿಂದ ನಾನು ಆ ತಂಟೆಗೆ ಹೋಗಲ್ಲ. ತೆಗೆದ ಜಾಗವನ್ನು ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ತಿಕ್ಕಿ. ಪ್ಯಾಡ್‌ನಿಂದ ಹೊರಡುವ ತಾಮ್ರದ ಗೆರೆ ತುಂಡಾಗಿಲ್ಲ ಎಂದು ಮೀಟರ್‌ನ ಬೀಪ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ.

ಹೊಸದು ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟ್, 105 ಡಿಗ್ರಿ ಬಿಸಿ ತಡೆಯುವಂಥದ್ದು ಇರಲಿ. ಈ ಬೆಳ್ಳಿ ಡಬ್ಬಿಯ ಮೇಲಿನ ಕಪ್ಪು ಪಟ್ಟಿ ಮೈನಸ್. ಪಕ್ಕದಲ್ಲೇ ಇರುವ ಹಳದಿ ಟ್ಯಾಂಟಲಮ್ ಕೆಪ್ಯಾಸಿಟರ್‌ನ ಪಟ್ಟಿ ಪ್ಲಸ್! ಯಾರ ತಲೆಯಲ್ಲಿ ಹುಟ್ಟಿತೋ ಈ ಪದ್ಧತಿ. ಟ್ಯಾಂಟಲಮ್ ಉಲ್ಟಾ ಹಾಕಿದರೆ ಕೆಡುವುದಷ್ಟೇ ಅಲ್ಲ, ಹೊತ್ತಿಕೊಳ್ಳಲೂಬಹುದು.

ನಾನು ನನ್ನ ಹಳೇ ಬೋರ್ಡಿಗೆ ಏಳು ಕೆಪ್ಯಾಸಿಟರ್ ಹಾಕಿ ವಾಪಸ್ ಕೂರಿಸಿದೆ. 180 ಇದ್ದ ಅಲೆ 12 ಮಿಲಿವೋಲ್ಟ್‌ಗೆ ಇಳಿಯಿತು. ಮೊದಲ ಸ್ಕ್ಯಾನ್‌ಗೆ ಮಾತ್ರ ಯಾರದೋ ಮದುವೆಯ ನೆಗೆಟಿವ್ ಹಾಕಬೇಡಿ. ಬೇಡದ ಫಿಲ್ಮ್ ತುಂಡೊಂದನ್ನು ಹತ್ತು ಸಲ ಓಡಿಸಿ, ಗೀರು ಬೀಳುತ್ತಿಲ್ಲ, ಫ್ರೇಮ್ ಜರುಗುತ್ತಿಲ್ಲ ಎಂದು ನೋಡಿ. ಆಮೇಲೆ ರಾತ್ರಿಯಿಡೀ ಆರಿಸಿಟ್ಟು ಬೆಳಗ್ಗೆ ತಣ್ಣಗಿರುವಾಗಲೇ ಆನ್ ಮಾಡಿ. ನನ್ನದು ಒಂದೇ ಸಲಕ್ಕೆ ಎದ್ದಿತು. ಅಳೆದ ವೋಲ್ಟೇಜುಗಳನ್ನೂ ತಾರೀಖನ್ನೂ ಒಂದು ಟೇಪಿನ ಮೇಲೆ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಆ ಇನ್ನೊಂದು ಬೋರ್ಡ್ ಈಗ ಆ್ಯಂಟಿಸ್ಟಾಟಿಕ್ ಕವರಿನಲ್ಲಿದೆ, "ಮೆಮೊರಿ ಬೇರೆ ಮೆಷಿನ್‌ದು" ಎಂಬ ಚೀಟಿಯ ಜೊತೆ.